ಸಾಂಚಿಂಗ್ ಹೋಬಳಿಯ ಬೆಚ್ಚನೆಯ ಹಂದಿಮನೆ

ಸಾಂಚಿಂಗ್ ಹೋಬಳಿಯಲ್ಲಿ ಚಳಿಗಾಲವು ಅಕ್ಟೋಬರ್ ಹದಿನೈದರಂದು ಬೆಳಿಗ್ಗೆ ಎಂಟು ಗಂಟೆಗೆ ಆರಂಭವಾಗುತ್ತದೆ. ಕಲ್ಲಿದ್ದಲು ಬಿಡುಗಡೆಯಾಗುವುದು ಅಂದೇ. ಅದಕ್ಕೂ ಮೊದಲು ಹಿಮ ಬೀಳುವುದುಂಟು, ಬಕೆಟ್ಟಿನ ನೀರು ಕಲ್ಲಾಗುವುದುಂಟು. ಆದರೆ ಅವಕ್ಕೆ ಮಂಜೂರಾತಿ ಇಲ್ಲವಾದ್ದರಿಂದ ಯಾರೂ ಅವನ್ನು ಚಳಿಯೆಂದು ಕರೆಯುವುದಿಲ್ಲ.

ಈ ಹೋಬಳಿಯ ಉತ್ತರದ ಅಂಚಿನಲ್ಲಿ, ಸೈಬೀರಿಯದಿಂದ ಬೀಸುವ ಗಾಳಿಗೆ ಬೆನ್ನು ಕೊಟ್ಟುಕೊಂಡು, ತೊಂಗ್ ಯಾಚಿನ್ ಎಂಬ ಐವತ್ತಾರರ ಹೆಂಗಸು ನಲವತ್ತು ಕಪ್ಪು ಹಂದಿಗಳನ್ನು ಬಯಲಲ್ಲೇ ಸಾಕಿಕೊಂಡಿದ್ದಳು. ಅವಳ ಅಜ್ಜಿ ಸಾಕಿದ್ದೂ ಹಾಗೆಯೇ. ಮೈತುಂಬ ಒರಟು ಕೂದಲು, ಕಣ್ಣು ಮುಚ್ಚುವಷ್ಟು ಜೋಲುಗಿವಿ, ಮುದುಕರ ಹಣೆಯಂತೆ ಸುಕ್ಕುಗಟ್ಟಿದ ಮೋರೆ. ಬೇಲಿಯೊಳಗೆ ಮೆಕ್ಕೆಜೋಳದ ದಂಟನ್ನು ಆಳೆತ್ತರ ಒಟ್ಟಿಬಿಟ್ಟರೆ ಹಂದಿಗಳು ತಾವೇ ಅದನ್ನು ಕೊರೆದು, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತಿದ್ದವು. ಹಿಮ ಬಿದ್ದ ಮೇಲೆ ಹೊರಗೆ ಕಾಣುತ್ತಿದ್ದದ್ದು ಒಂದು ಬಿಳಿ ದಿಬ್ಬ, ಅದರ ನೆತ್ತಿಯ ತೂತಿನಿಂದ ಏಳುವ ಹಬೆ, ಅಷ್ಟೇ. ದಿನಕ್ಕೆರಡು ಸಲ ಯಾಚಿನ್ ಸಾರಾಯಿ ಭಟ್ಟಿಯ ಜೋಳದ ಗಸಿಯನ್ನು ಬಿಸಿ ಮಾಡಿ ತಂದು ಬಕೆಟ್ಟು ಬಡಿದರೆ ದಿಬ್ಬ ಒಡೆದು ನಲವತ್ತು ಮೂತಿಗಳು ಹೊರಗೆ ಬರುತ್ತಿದ್ದವು.

"ಹಂದಿಗೆ ಚಳಿ ಶತ್ರು ಅಲ್ಲ, ತೇವ ಶತ್ರು" ಎಂಬುದು ಅವಳ ಇಡೀ ಶಾಸ್ತ್ರ. ಇದು ಸರ್ಕಾರಿ ಮುದ್ರೆಯಿಲ್ಲದ ಶಾಸ್ತ್ರ.

ಆ ವರ್ಷ ಮೇಲಿನ ಕಚೇರಿಯಿಂದ 'ಹಂದಿಗಳ ಚಳಿಗಾಲದ ಸೌಖ್ಯ ನಿಯಮಾವಳಿ' ಬಂತು. ನಾಲ್ಕನೇ ನಿಯಮದಂತೆ ಹಂದಿಮನೆಯ ಉಷ್ಣಾಂಶ ಸದಾ ಹದಿನೆಂಟು ಡಿಗ್ರಿ ಇರತಕ್ಕದ್ದು. ಏಳನೇ ನಿಯಮದಂತೆ, ಮೊದಲ ಹಿಮದ ನಂತರ ಬಯಲಲ್ಲಿ ಕಂಡುಬಂದ ಹಂದಿಯನ್ನು 'ನಿರಾಶ್ರಿತ' ಎಂದು ಘೋಷಿಸಿ ವಶಪಡಿಸಿಕೊಳ್ಳತಕ್ಕದ್ದು. ಅದರ ಬೆನ್ನಿಗೇ ನಲವತ್ತು ಹಂದಿ ಹಿಡಿಸುವ, ಬಿಳಿ ಟೈಲ್ಸಿನ ಮಾದರಿ ಹಂದಿಮನೆ ಎದ್ದು ನಿಂತಿತು. ಅದರ ಚಾವಣಿಯಲ್ಲಿ ಒಂದು ಯಂತ್ರದ ಕಣ್ಣು. ಒಳಗಿರುವ ಬಿಸಿ ಮೈಗಳನ್ನು ಎಣಿಸುವುದು ಅದರ ಕೆಲಸ. ನೆಲವೇ ತಕ್ಕಡಿ, ಸರಾಸರಿ ತೂಕ ಹೇಳುವುದು ಅದರ ಕೆಲಸ. ಇವೆರಡೂ ದಿನಕ್ಕೆ ಮೂರು ಸಲ ಮೇಲಿನ ಕಚೇರಿಗೆ ತಾವೇ ವರದಿ ಕಳಿಸುತ್ತಿದ್ದವು. ಮನುಷ್ಯರ ಮೇಲೆ ನಂಬಿಕೆಯಿಲ್ಲವೆಂದಲ್ಲ, ಮನುಷ್ಯರಿಗೆ ತೊಂದರೆಯಾಗಬಾರದೆಂದು.

ಯಾಚಿನ್‌ಳ ಹಂದಿಗಳನ್ನು ಒಳಗೆ ಸೇರಿಸಲಾಯಿತು. ನಲವತ್ತು ಮೂಗಿನ ಉಸಿರು ಚಾವಣಿಗೆ ತಾಗಿ ನೀರಾಗಿ ಅವುಗಳ ಬೆನ್ನ ಮೇಲೇ ತೊಟ್ಟಿಕ್ಕಿತು. ಮೂರನೇ ದಿನಕ್ಕೆ ಹನ್ನೊಂದು ಹಂದಿ ಕೆಮ್ಮತೊಡಗಿದವು. ಐದನೇ ದಿನಕ್ಕೆ ಹತ್ತೊಂಬತ್ತು. ಯಾಚಿನ್ ಹೋಬಳಿ ಕಚೇರಿಗೆ ಹೋದಳು.

ಕಚೇರಿಯಲ್ಲಿ ಎಲ್ಲರೂ ಟೋಪಿ, ಕೈಗವಸು ಹಾಕಿಕೊಂಡು ಕೂತಿದ್ದರು. ಹೋಬಳಿಯ ಕಲ್ಲಿದ್ದಲಷ್ಟೂ ಹಂದಿಮನೆಯ ಬಾಯ್ಲರಿಗೆ ಹೋಗಿದ್ದರಿಂದ ಶಾಯಿ ಹೆಪ್ಪುಗಟ್ಟಿತ್ತು. ದಾಖಲೆ ಗುಮಾಸ್ತ ಲುವಾನ್ ಮೊಹರನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಒತ್ತುತ್ತಿದ್ದ.

"ಡೈರೆಕ್ಟ್ರೇ, ನನ್ನ ಹಂದಿ ಕೆಮ್ತಾ ಇವೆ," ಎಂದಳು ಯಾಚಿನ್.

ನಿರ್ದೇಶಕ ಛೂ ತಾಳ್ಮೆಯ ಮನುಷ್ಯ. "ಕೆಮ್ಮಿಗೆ ಕಾಲಂ ಇಲ್ಲ ಯಾಚಿನಕ್ಕ. ಬೆಚ್ಚಗಿದಾವೆ ತಾನೆ?"

"ಬೆಚ್ಚಗಿದ್ದೇ ಸಾಯ್ತಾವೆ."

"ಒಳಗೆ ಬೆಚ್ಚಗೆ ಸತ್ರೆ ಅದು ಸಹಜ ಮರಣ," ಎಂದು ಲುವಾನ್ ತಲೆಯೆತ್ತದೆ ವಿವರಿಸಿದ. "ಹೊರಗೆ ಆರೋಗ್ಯವಾಗಿ ಬದುಕಿದ್ರೆ ಅದು ನಿಯಮ ಉಲ್ಲಂಘನೆ."

"ಅಲ್ಲಪ್ಪಾ, ನನ್ನ ಹಂದಿ ಬಿಡು. ನಿಮಗೆ ಚಳಿ ಆಗ್ತಿಲ್ವಾ?"

"ಆಗುತ್ತೆ," ಎಂದರು ಛೂ, ಬೆರಳಿಗೆ ಊದಿಕೊಳ್ಳುತ್ತ. "ಆದ್ರೆ ನಾವು ಹಂದಿ ಅಲ್ವಲ್ಲ."

"ಆ ಯಂತ್ರಕ್ಕೆ ಅದೇನು ಗೊತ್ತು?"

ಅವಳು ಸಿಟ್ಟಿಗೆ ಆಡಿದ ಮಾತು ಅದು. ಆದರೆ ಲುವಾನ್ ಹಾಜರಿ ಪುಸ್ತಕ ತೆಗೆದು ಎಣಿಸಿದ. ಸಿಬ್ಬಂದಿ ಮೂವತ್ತೆಂಟು. ಜೀಪಿನ ಡ್ರೈವರ್ ಒಬ್ಬ. ಅಡುಗೆಯವನು ಒಬ್ಬ.

"ನಲವತ್ತು," ಎಂದ ಲುವಾನ್, ಮೊಹರನ್ನು ಕಂಕುಳಿಂದ ತೆಗೆದು.

ಮರುದಿನ ಮಧ್ಯಾಹ್ನ ವರ್ಗಾವಣೆ ಶಿಸ್ತಿನಿಂದ ನಡೆಯಿತು. ಮುಂಬಾಗಿಲಿಂದ ಒಬ್ಬ ಅಧಿಕಾರಿ ಒಳಗೆ, ಹಿಂಬಾಗಿಲಿಂದ ಒಂದು ಹಂದಿ ಹೊರಗೆ. ಯಂತ್ರದ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹಂದಿಗಳ ಕಿವಿಯ ಬಿಲ್ಲೆಗಳನ್ನು ಬಿಚ್ಚಿ ಅಧಿಕಾರಿಗಳ ತುಪ್ಪಳದ ಟೋಪಿಯ ಕಿವಿಗಳಿಗೆ ಪಿನ್ನು ಚುಚ್ಚಲಾಯಿತು. ಯಾಚಿನ್‌ಳನ್ನು ಹಂದಿಮನೆಯ ಮೇಲ್ವಿಚಾರಕಿಯಾಗಿ ನೇಮಿಸಿ ಆದೇಶ ಹೊರಟಿತು. ಬೆಳಿಗ್ಗೆ ಬಕೆಟ್ಟು ಬಡಿದು ಹಾಜರಿ ತೆಗೆಯುವುದು, ಒಟ್ಟಿಗೆ ಇಬ್ಬರು ಹೊರಗೆ ಹೋಗದಂತೆ ನೋಡಿಕೊಳ್ಳುವುದು ಅವಳ ಕರ್ತವ್ಯ.

"ಹೆಂಗಿದೆ ಹೊಸ ಮಂದೆ?" ಎಂದು ಗಂಡ ಶಿಂಗ್‌ಫಾ ಬಿಸಿ ಇಟ್ಟಿಗೆ ಮಂಚದ ಮೇಲೆ ಕೂತು ಕೇಳಿದ.

"ಮೊದಲಿನವು ಕರೆದ್ರೆ ಬರ್ತಿದ್ವು. ಇವಕ್ಕೆ ಲಿಖಿತವಾಗಿ ಕರೀಬೇಕು."

ಹೊರಗೆ ಹಂದಿಗಳು ವಾರದೊಳಗೆ ಕೆಮ್ಮು ಬಿಟ್ಟವು. ಹಿಮ ಬಿದ್ದು ದಿಬ್ಬ ಮುಚ್ಚಿತು.

ಒಳಗೆ ಮಾತ್ರ ಒಂದು ತೊಡಕಾಯಿತು. ಹಂದಿಗಳ ಸರಾಸರಿ ತೂಕ ಒಂದೇ ಮಧ್ಯಾಹ್ನದಲ್ಲಿ ತೊಂಬತ್ತೈದು ಕೆ.ಜಿ.ಯಿಂದ ಅರವತ್ತೊಂಬತ್ತಕ್ಕೆ ಇಳಿದಿದೆಯೆಂದು ಮೇಲಿನಿಂದ ಆತಂಕದ ಪತ್ರ ಬಂತು. ಜೊತೆಗೆ ಹೆಚ್ಚುವರಿ ಮೇವು: ಮೂವತ್ತು ಮೂಟೆ ಜೋಳ, ಹತ್ತು ಮೂಟೆ ಸೋಯಾ ಹಿಂಡಿ. ಸಿಬ್ಬಂದಿ ಮನಸಾರೆ ಪ್ರಯತ್ನಿಸಿದರು. ಮೂರು ಹೊತ್ತು ಉಂಡರು, ನಡುನಡುವೆ ಕಡುಬು ತಿಂದರು. ಐವತ್ತೆರಡು ಕೆ.ಜಿ.ಯ ಲುವಾನ್‌ನನ್ನು 'ಕುಂಠಿತ ಬೆಳವಣಿಗೆ' ಪಟ್ಟಿಗೆ ಸೇರಿಸಿ ಅವನಿಗೆ ಬೇರೆ ತಟ್ಟೆ ಇಡಲಾಯಿತು. ಆದರೂ ಎಪ್ಪತ್ತೊಂದು ದಾಟಲಿಲ್ಲ.

ಆಗ ಛೂ ಅವರಿಗೆ ಹಳೆಯ ಕಚೇರಿಯಲ್ಲಿ ಉಳಿದಿದ್ದ ಕಡತಗಳ ನೆನಪಾಯಿತು. ಇಪ್ಪತ್ತೆರಡು ವರ್ಷಗಳಿಂದ ಇತ್ಯರ್ಥವಾಗದ ಅರ್ಜಿಗಳನ್ನೆಲ್ಲ ಹೊತ್ತು ತಂದು ತಲೆಗಿಷ್ಟೆಂದು ಹಂಚಿದರು. ಸಂಜೆಯ ವರದಿಯಲ್ಲಿ ಸರಾಸರಿ ನೂರ ಎರಡು ಕೆ.ಜಿ. ಬಂತು. ಆ ಅರ್ಜಿಗಳಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು.

ಇಂಥ ಬೆಳವಣಿಗೆ ದೇಶದಲ್ಲೇ ಇಲ್ಲವೆಂದು ಪರಿಶೀಲನೆಗೆ ಮೇಲಿನ ಕಚೇರಿಯ ತನಿಖಾಧಿಕಾರಿ ಜಿಂಗ್ ಮೇಡಂ ಬಂದರು. ಹೊರಗೆ ಮೈನಸ್ ಇಪ್ಪತ್ತೆಂಟು. ಜೀಪಿನಿಂದಿಳಿದವರೇ ಬೇಲಿಯೊಳಗಿನ ದಿಬ್ಬವನ್ನೂ ಅದರಿಂದೇಳುವ ಹಬೆಯನ್ನೂ ನೋಡಿ ನಿಂತುಬಿಟ್ಟರು. ಯಾಚಿನ್ ಕೈಲಿದ್ದ ಬಕೆಟ್ಟನ್ನು ಸದ್ದಾಗದಂತೆ ಕೆಳಗಿಟ್ಟಳು. ಒಂದು ಮೂತಿ ಹೊರಗೆ ಬಂದರೂ ನಲವತ್ತೂ 'ನಿರಾಶ್ರಿತ' ಎನಿಸಿಕೊಂಡು ಲಾರಿ ಹತ್ತುತ್ತವೆ.

"ಅದೇನಮ್ಮ, ಹೊಗೆ?"

"ಗೊಬ್ಬರದ ಗುಂಡಿ ಮೇಡಂ. ಒಳಗೆ ಕಾವು."

ದಿಬ್ಬ ಗೊರಕೆ ಹೊಡೆಯಿತು.

ಜಿಂಗ್ ಮೇಡಂ ಮೂವತ್ತು ವರ್ಷ ಸೇವೆ ಮಾಡಿದವರು. ಅವರು ದಿಬ್ಬವನ್ನು ನೋಡಿದರು, ಯಾಚಿನ್‌ಳನ್ನು ನೋಡಿದರು, ತಮ್ಮ ತೆಳು ಬೂಟನ್ನು ನೋಡಿಕೊಂಡರು. 'ಗೊಬ್ಬರ: ಒಂದು ಗುಂಡಿ, ಸುಸ್ಥಿತಿಯಲ್ಲಿದೆ' ಎಂದು ಬರೆದುಕೊಂಡು ಹಂದಿಮನೆಯ ಒಳಗೆ ಹೋದರು.

ಒಳಗೆ ಸಾಲು ಬೆಂಚುಗಳ ಮೇಲೆ ನಲವತ್ತು ಜನ ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಇವರು?"

"ಸೌಖ್ಯ ಸಿಬ್ಬಂದಿ ಮೇಡಂ," ಎಂದರು ಛೂ.

"ಹಂದಿಗಳು?"

"ಪರದೆ ಮೇಲಿವೆ ಮೇಡಂ," ಎಂದು ಲುವಾನ್ ಅಂಕಿಗಳನ್ನು ತೋರಿಸಿದ. ಹದಿನೆಂಟು ಡಿಗ್ರಿ. ನೂರ ಎರಡು ಕೆ.ಜಿ. ಮರಣ ಸೊನ್ನೆ. ಮೇಡಂ ತಲೆಯಾಡಿಸಿ ಬಾಯ್ಲರಿನ ಕೊಳವೆಗೆ ಬೆನ್ನು ಕೊಟ್ಟು ಕೂತರು. ಅವರು ಕೂತ ಐದು ನಿಮಿಷಕ್ಕೆ ಯಂತ್ರದ ಕಣ್ಣು ಎಣಿಕೆ ತೆಗೆದುಕೊಂಡಿತು: ನಲವತ್ತೊಂದು. ಹತ್ತೇ ನಿಮಿಷದಲ್ಲಿ ಅವರದೇ ಫೋನಿಗೆ ಅವರದೇ ಕಚೇರಿಯಿಂದ ಸಂದೇಶ ಬಂತು. ಸಾಂಚಿಂಗ್ ಮಾದರಿ ಹಂದಿಮನೆಯಲ್ಲಿ ಒಂದು ಮರಿ ಜನಿಸಿದ್ದು ಸಂತಸದ ಸಂಗತಿ. ಅದರ ಉಳಿವಿಗೆ ತಾವೇ ಖುದ್ದಾಗಿ ಹೊಣೆ.

ಮೇಡಂ ಅದನ್ನು ಎರಡು ಸಲ ಓದಿದರು. "ನಾನು ಈಗ ಎದ್ದು ಹೋದ್ರೆ?"

"ಮರಿ ಸತ್ತಂಗೆ ಮೇಡಂ," ಎಂದ ಲುವಾನ್. "ಮರಣ ಕಾಲಂ ಸೊನ್ನೆ ಇರಲ್ಲ."

"ಯಾರ ಹೊಣೆ?"

"ತಮ್ಮದೇ ಅಂತ ಬರೆದಿದಾರೆ."

ಮೇಡಂ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. "ನನ್ನ ಹಾಸಿಗೆ ತರಿಸಿ. ದಿಂಬು ಗಟ್ಟಿ ಇರಬಾರದು."

ಅವರು ಅಲ್ಲಿಂದಲೇ ವರದಿ ಕಳಿಸಿದರು: ತೂಕ ನಿಜ. ವರದಿ ತಲುಪಿದ ಎರಡನೇ ದಿನವೇ ಆದೇಶ ಬಂತು. ನೂರು ಕೆ.ಜಿ. ದಾಟಿದ ನಲವತ್ತು ಹಂದಿಗಳನ್ನು ಹೊಸವರ್ಷಕ್ಕೆ ಮುಂಚೆ ಕಸಾಯಿಖಾನೆಗೆ ಕಳುಹಿಸತಕ್ಕದ್ದು. ಮರಿಗೆ ವಿನಾಯಿತಿ. ಲಾರಿ ಶುಕ್ರವಾರ ಬರುತ್ತದೆ, ಖಾಲಿ ಮರಳುವಂತಿಲ್ಲ.

ಆ ಗುರುವಾರ ಯಾಚಿನ್‌ಗೆ ಅನ್ನ ಸೇರಲಿಲ್ಲ. ಹೊಸವರ್ಷದ ಹಂದಿ ಕೊಯ್ದು, ಹುಳಿ ಎಲೆಕೋಸಿನ ಜೊತೆ ಬೇಯಿಸಿ ನೆರೆಹೊರೆಗೆ ಬಡಿಸುವುದು ಅವಳ ಮನೆಯ ಮರ್ಯಾದೆ. ಅದಕ್ಕೆ ಒಂದು ಹಂದಿ ಸಾಕು. ಮಿಕ್ಕವು ವಸಂತಕ್ಕೆ ಮರಿ ಹಾಕುವಂಥವು, ಅಜ್ಜಿಯ ಕಾಲದ ತಳಿ.

"ಲಾರಿಗೆ ನಲವತ್ತು ಬೇಕು," ಎಂದಳು ಗಂಡನಿಗೆ. "ಇವರು ಹೋಗ್ತಾರಾ? ನನ್ನವನ್ನೇ ಎಬ್ಬಿಸಿ ಹತ್ತಿಸ್ತಾರೆ."

"ಎಬ್ಬಿಸೋಕೆ ಅರ್ಜಿ ಹಾಕ್ಬೇಕಲ್ಲ," ಎಂದ ಶಿಂಗ್‌ಫಾ. "ಹೋಗಿ ಕೇಳು."

ಅವಳು ಹೋದಾಗ ಹಂದಿಮನೆಯಲ್ಲಿ ಸಭೆ ನಡೆದಿತ್ತು. ಜೀಪಿನ ಡ್ರೈವರ್ ಎದ್ದು, ಹೊರಗಿರೋ ಹಂದಿಗಳನ್ನೇ ಕಳಿಸಿದರಾಗದೇ ಎಂದು ಕೇಳಿದ. ಅವನು ಖಾಯಂ ನೌಕರನಲ್ಲ.

"ಯಾವ ಹಂದಿ?" ಎಂದರು ಛೂ. "ಹೊರಗಿರೋದು ಗೊಬ್ಬರ. ಮೇಡಂ ಸಹಿ ಇದೆ."

"ಸಹಿ ತಿದ್ದಿದ್ರೆ?"

"ಗೊಬ್ಬರ ಹಂದಿ ಆಗ್ಬೇಕು ಅಂದ್ರೆ ಹಂದಿ ಹೊರಗಿತ್ತು ಅಂತ ಬರೀಬೇಕು. ಹಾಗಾದ್ರೆ ಕಲ್ಲಿದ್ದಲು ಯಾರಿಗೆ ಉರಿಸಿದ್ರಿ ಅಂತ ಕೇಳ್ತಾರೆ. ನಾಲ್ಕು ಕಚೇರಿಯ ನಡಾವಳಿ ತಿದ್ದಬೇಕು. ಯಾರು ತಿದ್ತೀರಿ?"

ಮರಿಯಾದ ಮೇಡಂ ಮೂಲೆಯಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದವರು, "ನನ್ನ ಸಹಿಗೆ ಯಾರೂ ಕೈ ಹಾಕ್ಬೇಡಿ," ಎಂದಷ್ಟೇ ಹೇಳಿದರು.

ಲಾರಿ ಹತ್ತುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ತಕರಾರು ಹುಟ್ಟಿದ್ದು ಯಾವ ಕ್ರಮದಲ್ಲಿ ಎಂಬುದಕ್ಕೆ. ಬಿಲ್ಲೆಯ ಸಂಖ್ಯೆಯಂತೆ ಹತ್ತಿದರೆ ಅಡುಗೆಯವನು ನಿರ್ದೇಶಕರಿಗಿಂತ ಮೊದಲಾಗುತ್ತಿದ್ದ. ಎರಡು ಗಂಟೆಯ ಚರ್ಚೆಯ ನಂತರ ಹಿರಿತನದ ಪಟ್ಟಿ ಸಿದ್ಧವಾಯಿತು. ಇಬ್ಬರು ತಮಗೆ ಅನ್ಯಾಯವಾಯಿತೆಂದು ಮೇಲ್ಮನವಿ ಬರೆದರು.

"ಡೈರೆಕ್ಟ್ರೇ," ಎಂದಳು ಯಾಚಿನ್ ಬಾಗಿಲಲ್ಲಿ ನಿಂತು, "ಅದು ಕಸಾಯಿಖಾನೆ ಕಣಪ್ಪಾ."

"ಗೊತ್ತು ಯಾಚಿನಕ್ಕ. ಆದೇಶದಲ್ಲಿದೆ."

ಶುಕ್ರವಾರ ಲಾರಿ ಬಂತು. ಚಾಲಕ ಬಿಲ್ಲೆಗಳನ್ನು ಎಣಿಸಿ ರಸೀತಿ ಕೊಟ್ಟ. ಛೂ ಮೊದಲು ಹತ್ತಿದರು. ಕಡತಗಳನ್ನು ಕೊಂಡೊಯ್ಯಲು ಅವಕಾಶವಿರಲಿಲ್ಲ. ಸಾಮಾನಿಗೆ ಬೇರೆ ಪರವಾನಗಿ ಬೇಕಿತ್ತು.

ನಾಲ್ಕನೇ ದಿನ ಅದೇ ಲಾರಿ ನಲವತ್ತೂ ಜನರನ್ನು ಮರಳಿ ತಂದಿಳಿಸಿತು. ಜೊತೆಗೆ ಒಂದು ಪತ್ರ: ಸರಾಸರಿ ಎಪ್ಪತ್ತೊಂದು ಕೆ.ಜಿ.; ಪ್ರಯಾಣದಲ್ಲಿ ವಿಪರೀತ ಇಳಿದಿವೆ; ವಸಂತದವರೆಗೆ ಕೊಬ್ಬಿಸಿ ಮತ್ತೆ ಕಳುಹಿಸುವುದು.

"ಅಲ್ಲಿ ಕಾಯೋ ಕೋಣೇಲಿ ಬರೀ ಹದಿನಾರು ಡಿಗ್ರಿ ಯಾಚಿನಕ್ಕ," ಎಂದ ಲುವಾನ್, ಮೂಗು ಒರೆಸಿಕೊಂಡು. "ನಾಲ್ಕನೇ ನಿಯಮದ ಉಲ್ಲಂಘನೆ. ದೂರು ಬರೆದು ಬಂದಿದೀನಿ."

"ಒಳ್ಳೇದಾಯ್ತು. ಒಳಗೆ ನಡೀರಿ, ಬಾಗಿಲು ತೆಗೆದಿಟ್ರೆ ಮೇಡಂಗೆ ಶೀತ ಆಗುತ್ತೆ."

ಅವರು ಹಿರಿತನದ ಪ್ರಕಾರ ಒಳಗೆ ಹೋದರು. ಯಾಚಿನ್ ಟೋಪಿಯ ಕಿವಿಗಳ ಬಿಲ್ಲೆಗಳನ್ನು ಎಣಿಸಿ, ನಲವತ್ತು ಸರಿಯಾಗಿ ಬಂದಿವೆ ಎಂದು ಸಹಿ ಮಾಡಿದಳು. ಆಮೇಲೆ ಬಿಸಿ ಗಸಿಯ ಬಕೆಟ್ಟು ಹಿಡಿದು ಗೊಬ್ಬರದ ಕಡೆಗೆ ನಡೆದಳು.

ಆ ವರ್ಷದ ಅಂತಿಮ ವರದಿಯ ಪ್ರಕಾರ ಸಾಂಚಿಂಗ್ ಹೋಬಳಿಯಲ್ಲಿ ಒಂದೇ ಒಂದು ಹಂದಿಯೂ ಹಿಮದಲ್ಲಿ ಮಲಗಲಿಲ್ಲ.