ಅಣ್ಣನ ಬಾಸ್ ಮೀನೂ ನನ್ನ ಸಾಣೆಕಲ್ಲೂ

ಕೆರೆಯ ಮೀನಿನ ಬಗ್ಗೆ ನಮ್ಮಣ್ಣನಷ್ಟು ತಿಳಿದ ಮನುಷ್ಯ ದುಬೈಯಿಂದ ಅಬುಧಾಬಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅವನು ಇಲ್ಲಿಯವರೆಗೆ ಹಿಡಿದ ಮೀನುಗಳ ಸಂಖ್ಯೆ ಸೊನ್ನೆ. ಎರಡೂ ಮಾತು ನಿಜ. ಮೊದಲನೆಯದಕ್ಕೆ ಅವನ ಹದಿನೆಂಟು ವರ್ಷದ ಅಭ್ಯಾಸ ಕಾರಣ. ಎರಡನೆಯದಕ್ಕೆ ನಾನು ಕಾರಣ. ಇದನ್ನು ಚಂದ ಮಾಡಿ ಬರೆಯುವಷ್ಟು ಓದು ನನಗಿಲ್ಲ, ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಆದರೆ ಬರೆಯದೆ ಒಳಗೇ ಇಟ್ಟುಕೊಳ್ಳುವಷ್ಟು ಗಟ್ಟಿ ಎದೆಯೂ ಇಲ್ಲವಲ್ಲ!

ಅಣ್ಣ ದುಬೈಯ ಅಲ್ ಕುಸೈಸಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಡೇರೆ, ಮಡಚುವ ಕುರ್ಚಿ, ಮೀನು ಹಿಡಿಯುವ ಸಾಮಾನು ಇವೆಲ್ಲ ಅಲ್ಲಿಂದ ಅಂಗಡಿಗಳಿಗೆ ಹೋಗುತ್ತವೆ. ಪೊಟ್ಟಣ ಒಡೆದ ಮಾಲನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲ, ಕೆಲಸದವರು ಮನೆಗೆ ಒಯ್ಯಬಹುದು. ಬೇರೆಯವರು ಟಾರ್ಚು, ಫ್ಲಾಸ್ಕು ಒಯ್ದರು. ನಮ್ಮಣ್ಣ ಒಯ್ದದ್ದು ಲೂರ್‌ಗಳನ್ನು. ಲೂರ್ ಎಂದರೆ ಮೀನಿಗೆ ತೋರಿಸುವ ಸುಳ್ಳು ಊಟ: ರಬ್ಬರಿನ ಎರೆಹುಳು, ಮರದ ಮರಿಮೀನು, ಕೂದಲಿನ ಲಂಗ ಉಟ್ಟ ಸೀಸದ ಗುಂಡು, ಪ್ಲಾಸ್ಟಿಕ್ ಕಪ್ಪೆ. ಹೆಚ್ಚಿನವಕ್ಕೆ ಹೊಟ್ಟೆಯಡಿ ಮೂರು ಮುಳ್ಳಿನ ಕೊಕ್ಕೆ, ಎರೆಹುಳುವಿಗೆ ಮಾತ್ರ ಬಿಡಿ ಕೊಕ್ಕೆ ಚುಚ್ಚಬೇಕು. ಇಂಥವು ಅವನ ಹತ್ತಿರ ಒಂಬತ್ತು ಪೆಟ್ಟಿಗೆ ತುಂಬ ಇದ್ದವು. ಪೆಟ್ಟಿಗೆಗಳು ಎಲ್ಲಿದ್ದವು? ನಮ್ಮ ಫ್ಲಾಟಿನ ಹಾಲಿನಲ್ಲಿ. ಒಂದು ಪರದೆ ಎಳೆದು ಅರ್ಧ ಹಾಲನ್ನು ಅವನಿಗೆ ಕೊಟ್ಟಿದ್ದೇವೆ. ಉಳಿದರ್ಧದಲ್ಲಿ ನಾನು, ನಮ್ಮವರು, ಮೂರು ವರ್ಷದ ಮಗಳು ಮತ್ತು ನನ್ನ ಹೊಲಿಗೆ ಮಿಷನ್ ಉಣ್ಣುವುದು, ಕೂರುವುದು.

ಕರಾವಳಿಯಲ್ಲಿ ಹುಟ್ಟಿದ ಮನುಷ್ಯ, ಸಮುದ್ರದ ಮೀನನ್ನು ಅವನು ಮೂಸಿಯೂ ನೋಡುವುದಿಲ್ಲ. ತಿನ್ನುತ್ತಾನೆ, ಅದು ಬೇರೆ ಮಾತು. ಹಿಡಿದರೆ ಕೆರೆಯಲ್ಲೇ ಹಿಡಿಯಬೇಕು, ಅದೂ ಬಾಸ್ ಎಂಬ ಪರದೇಶದ ಮೀನನ್ನು.

"ಸಮುದ್ರದ್ದು ಹಸಿದ್ರೆ ತಿಂತದೆ, ಅದ್ರಲ್ಲಿ ಎಂತ ಉಂಟು? ಬಾಸಿಗೆ ಹೊಟ್ಟೆ ತುಂಬಿದ್ರೂ ಸಿಟ್ಟು ಬರಿಸಿ ಕಚ್ಚಿಸ್ಬೇಕು, ಮಾರಾಯ್ತಿ. ಅದು ವಿದ್ಯೆ" ಎನ್ನುತ್ತಿದ್ದ.

ಹೊಟ್ಟೆ ತುಂಬಿದ ಮೇಲೂ ಸಿಟ್ಟಿಗೆ ಬಾಯಿ ಹಾಕುವ ಪ್ರಾಣಿಗಳು ನಮ್ಮ ಬಿಲ್ಡಿಂಗಿನಲ್ಲೇ ಎಷ್ಟು ಬೇಕಾದರೂ ಇವೆ, ಕೆರೆಗೆ ಯಾಕೆ ಹೋಗಬೇಕು ಎಂದು ನಾನು ಕೇಳಿದ್ದುಂಟು.

ದಿನಾ ಬೆಳಿಗ್ಗೆ ಕಿಟಕಿಯಿಂದ ಆಕಾಶ ನೋಡಿ ಆ ದಿನದ ಲೂರ್ ಯಾವುದೆಂದು ಸಾರುವುದು ಅವನ ಪದ್ಧತಿ. ಮೋಡವಿದ್ದರೆ ನೀರ ಮೇಲೆ ಕುಪ್ಪಳಿಸುವ ಕಪ್ಪೆ. ಗಾಳಿಯಿದ್ದರೆ ತಗಡು ಗಿರಗಿರನೆ ತಿರುಗುವ ಲೂರ್. ಬಿಸಿಲು ಬಿದ್ದು ನೀರು ತಿಳಿಯಾಗಿದ್ದರೆ ರಬ್ಬರಿನ ಎರೆಹುಳುವನ್ನು ತಳದಲ್ಲಿ ನಿಧಾನ ಎಳೆಯಬೇಕು. ದುಬೈಯ ಆಕಾಶದಲ್ಲಿ ಮೋಡ ಎಷ್ಟು ದಿನ ಇರುತ್ತದೆ ಹೇಳಿ? ಹಾಗಾಗಿ ವರ್ಷದ ಹೆಚ್ಚಿನ ದಿನ ನಮ್ಮ ಮನೆಯಲ್ಲಿ ಎರೆಹುಳುವೇ. ಮನೆಗೆ ಬಂದ ನೆಂಟರಿಗೆ ಕಾಫಿ ಕೊಡುವ ಮೊದಲೇ, ನಿಮ್ಮ ಕಡೆ ಕೆರೆಯ ನೀರು ತಿಳಿಯೋ ಕದಡಿದ್ದೋ ಎಂದು ವಿಚಾರಿಸುತ್ತಿದ್ದ. ಅವನಿಗೆ ಮದುವೆಯಾಗಲಿಲ್ಲ. ನೀರು ತಿಳಿಯಾಗಲಿ ಎಂದು ಕಾಯುತ್ತಾ ಭಾವನಿಗೆ ಐವತ್ತು ದಾಟಿತು ಎಂದು ನಮ್ಮವರು ನಗುತ್ತಾರೆ.

ರಜೆಯ ದಿನ ಬಿಲ್ಡಿಂಗಿನ ಹಿಂದಿನ ಪಾರ್ಕಿಂಗಿನಲ್ಲಿ ದಾರ ಎಸೆಯುವ ಅಭ್ಯಾಸ ನಡೆಯುತ್ತಿತ್ತು. ಇದಕ್ಕೆ ಲೂರ್ ಅಲ್ಲ, ಒಂದು ಸೀಸದ ಗುಂಡು ಮಾತ್ರ. ಲೂರ್‌ಗಳು ನೀರಿಗೆ ಹುಟ್ಟಿದವು, ಡಾಂಬರಿಗೆ ತಾಗಿಸಬಾರದು ಎಂಬುದು ಅವನ ನಿಯಮ. ದೂರದಲ್ಲಿ ಸ್ನಾನದ ಮಗ್ಗು ಇಟ್ಟು ಅದರೊಳಗೆ ಗುಂಡು ಬೀಳಿಸಬೇಕು. ಒಮ್ಮೆ ಗುಂಡು ಮೊದಲ ಮಹಡಿಯ ಬಾಲ್ಕನಿಗೆ ಹಾರಿ, ಒಣಗಲು ಹಾಕಿದ್ದ ಒಂದು ಬನಿಯನ್ನಿಗೆ ಸುತ್ತಿಕೊಂಡಿತು. ಅಣ್ಣ ಸರಸರ ದಾರ ಸುತ್ತಿ ಬನಿಯನ್ನನ್ನು ಕೆಳಗಿಳಿಸಿದ. ಮಲಯಾಳಿ ವಾಚ್‌ಮನ್ ಅದನ್ನು ಎತ್ತಿ ನೋಡಿ, ಇದು ಸಣ್ಣದು, ವಾಪಸ್ ಬಿಟ್ಟುಬಿಡಿ ಎಂದನಂತೆ.

ಇಷ್ಟೆಲ್ಲ ಇದ್ದೂ ಯಾಕೆ ಒಂದೂ ಮೀನು ಹಿಡಿಯಲಿಲ್ಲ? ಕೆರೆ ಎಲ್ಲಿದೆ! ದುಬೈಯ ಹೊರಗೆ ಮರುಭೂಮಿಯಲ್ಲಿ ಕೆರೆ ಮಾಡಿದ್ದಾರೆ. ಅಲ್ಲಿ ಮೀನು ಹಿಡಿಯಬಾರದೆಂದು ಬೋರ್ಡೂ ಹಾಕಿದ್ದಾರೆ. ಅಣ್ಣ ಬೋರ್ಡಿನ ಪಕ್ಕದಲ್ಲೇ ಕೈಕಟ್ಟಿ ನಿಂತು, ಆ ಜೊಂಡಿನ ಬುಡಕ್ಕೆ ಹೀಗೆ ಎಸೆಯಬೇಕು, ಆ ನೆರಳಿಗೆ ಹಾಗೆ ಎಳೆಯಬೇಕು ಎಂದು ಬರೀ ಬಾಯಲ್ಲಿ ಮೀನು ಹಿಡಿದು ಬರುತ್ತಿದ್ದ. ಆ ನೀರಿನಲ್ಲಿ ಬಾಸ್ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಹೀಗೆ ಹದಿನೆಂಟು ವರ್ಷ. ಇವನು ಎಂದಾದರೂ ನಿಜವಾಗಿ ಗಾಳ ಹಾಕುತ್ತಾನೆಂದು ಯಾರಿಗಾದರೂ ಅನಿಸೀತೇ? ನನಗೆ ಅನಿಸಲಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲಿಂದ.

ಒಂದು ಮಧ್ಯಾಹ್ನ ಮಗಳು ಪರದೆಯ ಆಚೆಯಿಂದ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕಪ್ಪೆ. ಅದನ್ನು ಕೆನ್ನೆಗೆ ಒತ್ತಿಕೊಂಡು, "ಮಮ್ಮಾ, ಫ್ರಾಗ್ ಈಸ್ ಸ್ಲೀಪಿಂಗ್" ಎಂದಳು. ಕಪ್ಪೆಯ ಕೊಕ್ಕೆ ಅವಳ ಫ್ರಾಕಿನ ಕೊರಳಿಗೆ ಸಿಕ್ಕಿತ್ತು. ಕೊರಳಿಗೂ ಕೊಕ್ಕೆಗೂ ನಡುವೆ ಒಂದು ಪದರ ಬಟ್ಟೆ! ನಾನು ಉಸಿರು ಬಿಡದೆ ಕತ್ತರಿಯಿಂದ ಫ್ರಾಕನ್ನೇ ಕತ್ತರಿಸಿ ತೆಗೆದೆ. ಸಂಜೆ ಅಣ್ಣನಿಗೆ ಹೇಳಿದೆ. ಅವನೂ ಹೆದರಿದ. ಪೆಟ್ಟಿಗೆಗಳೆಲ್ಲ ಕಪಾಟಿನ ಮೇಲೇರಿದವು. ಆದರೆ ಎರಡೇ ದಿನದಲ್ಲಿ, ಒರೆಸಬೇಕು, ಗಾಳಿಗಿಡಬೇಕು ಎಂದು ಒಂದೊಂದೇ ಕೆಳಗಿಳಿದವು. ನನಗೆ ನಿದ್ದೆ ಹೋಯಿತು. ಮಿಷನ್ ತುಳಿಯುವಾಗ ಮಗಳು ಎರಡು ನಿಮಿಷ ಸುಮ್ಮನಿದ್ದರೆ, ಕೊಕ್ಕೆ ನುಂಗಿದಳೇನೋ ಎಂದು ಓಡುತ್ತಿದ್ದೆ. ಅಣ್ಣನಿಗೆ ಗಟ್ಟಿಯಾಗಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮವರಿಗೆ ಇಲ್ಲಿ ಕೆಲಸ ಹುಡುಕಿಕೊಟ್ಟವನು ಅವನು, ನನ್ನ ಮದುವೆ ಮಾಡಿಸಿದವನು ಅವನು. ಅವನಿಗಿದ್ದ ಒಂದೇ ಸಂತೋಷವನ್ನು ಮನೆಯಿಂದ ಹೊರಗೆ ಹಾಕು ಎನ್ನಲು ಬಾಯಿ ಬರಲಿಲ್ಲ.

ಬಾಯಿ ಬರಲಿಲ್ಲ, ಕೈ ಬಂತು. ನನ್ನ ಹತ್ತಿರ ಕತ್ತರಿ ಹರಿತ ಮಾಡುವ ಸಾಣೆಕಲ್ಲು ಇದೆ. ಹರಿತ ಮಾಡಿದ ಕಲ್ಲೇ ಮೊಂಡೂ ಮಾಡುತ್ತದೆ. ಅಣ್ಣ ಗೋದಾಮಿಗೆ ಹೋದ ಮೇಲೆ, ಮಗಳು ಮಧ್ಯಾಹ್ನ ಮಲಗಿದ ಮೇಲೆ, ದಿನಕ್ಕೊಂದು ಪೆಟ್ಟಿಗೆ ಇಳಿಸಿ ಎಲ್ಲ ಕೊಕ್ಕೆಗಳ ಮೊನೆಯನ್ನು ಉಜ್ಜಿದೆ. ತುಂಬ ಅಲ್ಲ, ಕಣ್ಣಿಗೆ ಕಾಣದಷ್ಟು. ಬಿಡಿ ಕೊಕ್ಕೆಗಳ ಒಂದು ಡಬ್ಬಿ ಇತ್ತು, ಅದನ್ನೂ ಬಿಡಲಿಲ್ಲ. ಹೇಗೂ ಇವು ನೀರು ಕಾಣುವುದಿಲ್ಲ, ಅಣ್ಣನಿಗೆ ನೋಡಲು ಲೂರ್ ಇರುತ್ತದೆ, ನನಗೆ ನಿದ್ದೆ ಬರುತ್ತದೆ, ಯಾರಿಗೇನು ನಷ್ಟ ಎಂದುಕೊಂಡೆ. ಆ ವಾರ ಸುಖವಾಗಿ ನಿದ್ದೆ ಮಾಡಿದೆ. ಅದೇ ಕೊನೆ.

ಆಮೇಲಿನ ತಿಂಗಳು ಗೋದಾಮು ಮುಚ್ಚುತ್ತಾರೆಂಬ ಸುದ್ದಿ ಬಂತು. ಅಣ್ಣನ ವೀಸಾ ಖಲಾಸ್, ಎರಡು ತಿಂಗಳಲ್ಲಿ ಊರಿಗೆ. ಅವನು ಬೇಸರದಲ್ಲಿರಬಹುದೆಂದು ನಾನು ಪಾಯಸ ಮಾಡಿಟ್ಟೆ. ಅವನೋ ಕುಣಿಯುತ್ತಾ ಬಂದ! ಗೋದಾಮಿನ ಹಳೆಯ ಗಿರಾಕಿಯೊಬ್ಬ, ವಯಸ್ಸಾದ ಅರಬ್ಬಿ, ಅಬುಧಾಬಿಯ ಆಚೆ ಅವನಿಗೊಂದು ತೋಟವಿದೆಯಂತೆ. ತೋಟಕ್ಕೆ ನೀರುಣಿಸಲು ದೊಡ್ಡ ಕೆರೆ ಕಟ್ಟಿಸಿ, ಎಲ್ಲಿಂದಲೋ ಬಾಸ್ ಮರಿ ತರಿಸಿ ಬಿಟ್ಟಿದ್ದಾನಂತೆ. ಹೋಗುವ ಮೊದಲು ಒಂದು ದಿನ ಬಂದು ಹಿಡಿ, ಯಲ್ಲಾ, ಹೊರಡು ಎಂದು ಕರೆದನಂತೆ.

ನನ್ನ ಕೈಯ ಸೌಟು ಪಾಯಸದೊಳಗೇ ಮುಳುಗಿತು.

ಹೇಳಲು ಒಂದು ವಾರವಿತ್ತು. ಸೋಮವಾರ ಹೇಳೋಣವೆಂದು ಪರದೆ ಸರಿಸಿದೆ. ಅಣ್ಣ ಒಂದು ಬಿಳಿ ಕಾಗದದಲ್ಲಿ ಕಾಣದ ಕೆರೆಯ ನಕ್ಷೆ ಬರೆದು, ಯಾವ ಗಂಟೆಗೆ ಯಾವ ಲೂರ್ ಎಂದು ಗುರುತು ಹಾಕುತ್ತಿದ್ದ. ಪರದೆ ಮುಚ್ಚಿದೆ. ಬುಧವಾರ ಚಹಾ ಕೊಟ್ಟು ಎದುರಿಗೆ ಕೂತೆ. ಎಂತಾಯ್ತು ಎಂದು ಕೇಳಿದ. ಸಕ್ಕರೆ ಸಾಕಾ ಎಂದು ಕೇಳಿ ಎದ್ದುಬಂದೆ. ಲೂರಿನ ಕೊಕ್ಕೆಯನ್ನು ಕಳಚಿ ಬೇರೆ ಹಾಕಬಹುದೆಂದು ನನಗೆ ಆಗ ಗೊತ್ತೇ ಇರಲಿಲ್ಲ. ಅವನ ಗೋದಾಮಿನ ತುಂಬ ಹೊಸ ಕೊಕ್ಕೆಗಳು! ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊಕ್ಕೆ ಹೋಯಿತೆಂದರೆ ಲೂರ್ ಸತ್ತಿತು ಎಂದೇ ನಾನು ತಿಳಿದಿದ್ದೆ. ಸತ್ತ ಸುದ್ದಿಯನ್ನು ಇಷ್ಟು ಖುಷಿಯಲ್ಲಿರುವವನಿಗೆ ಹೇಗೆ ಹೇಳುವುದು?

ರಜೆಯ ದಿನ ಬೆಳಿಗ್ಗೆ ನಾವೆಲ್ಲ ನಮ್ಮವರ ಕಾರಿನಲ್ಲಿ ಹೊರಟೆವು. ಖರ್ಜೂರದ ಮರಗಳ ನಡುವೆ ಕೆರೆ ಹಸಿರಾಗಿತ್ತು. ತೋಟದ ಯಜಮಾನ ಚಾಪೆ ಹಾಸಿ, ಖರ್ಜೂರ, ಗಾವಾ ಎಂಬ ಅರಬ್ಬಿ ಕಾಫಿ ಕೊಟ್ಟು ಕೂರಿಸಿದ. ಅಣ್ಣ ಮೊದಲು ರಬ್ಬರಿನ ಎರೆಹುಳು ತೆಗೆದ. ಕೊಕ್ಕೆ ಒಳಗೆ ಹೋಗಲೊಲ್ಲದು. ರಬ್ಬರು ಹಳತಾಗಿ ಗಟ್ಟಿಯಾಗಿದೆ ಎಂದು ಅವನೇ ಸಮಾಧಾನ ಹೇಳಿಕೊಂಡು ತಿರುಚಿ ತುರುಕಿದ. ನಾನು ಚಾಪೆಯ ಹುಲ್ಲು ಕೀಳುತ್ತಿದ್ದೆ.

ಎಸೆದ ನೋಡಿ! ಮಗ್ಗಿನಲ್ಲಿ ಕಲಿತ ಕೈ, ಜೊಂಡಿನ ಬುಡಕ್ಕೇ ಹೋಗಿ ಬಿತ್ತು. ಸ್ವಲ್ಪ ಹೊತ್ತಿಗೆ ದಾರ ಬಿಗಿಯಿತು, ಗಾಳದ ಕೋಲು ಬಾಗಿತು. ಅಣ್ಣ ಎಳೆದ. ದಾರ ಸಡಿಲಾಯಿತು.

"ಕಳೆ ಇರ್ಬೇಕು" ಎಂದ.

ಯಜಮಾನ ಕೂತಲ್ಲಿಂದ, "ಮಾಫಿ?" ಎಂದ.

"ಮಾಫಿ" ಎಂದ ಅಣ್ಣ. ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ.

ಇನ್ನೊಮ್ಮೆ ಎಸೆದ. ಬಿಗಿ, ಬಾಗು, ಸಡಿಲ. ಎರಡು. ತಗಡು ತಿರುಗುವ ಲೂರ್ ಹಾಕಿ ಜೋರಾಗಿ ಎಳೆದ. ಮೂರು. ಲಂಗ ಉಟ್ಟ ಸೀಸದ ಗುಂಡನ್ನು ತಳದಲ್ಲಿ ಕುಪ್ಪಳಿಸಿದ. ನಾಲ್ಕು, ಐದು. ನಾನು ಎಣಿಸುತ್ತಿದ್ದೆ. ಬೇಡವೆಂದರೂ ಎಣಿಕೆ ನಿಲ್ಲಲಿಲ್ಲ. ಮರದ ಮರಿಮೀನನ್ನು ಎಳೆದು ನಿಲ್ಲಿಸಿ, ಎಳೆದು ನಿಲ್ಲಿಸಿ ನೋಡಿದ. ಒಂಬತ್ತು. ನೆರಳು ಬಂದಾಗ ಕಪ್ಪೆ ಬಿಟ್ಟ. ಕಪ್ಪೆಯ ಕೆಳಗೆ ನೀರು ಎರಡು ಸಲ ಬುಳಕ್ಕೆಂದಿತು. ಅದಕ್ಕೂ ಅಣ್ಣ, ಗಾಳಿ ಎಂದ. ಪ್ರತಿ ಸಲ "ಮಾಫಿ?" ಪ್ರತಿ ಸಲ "ಮಾಫಿ." ಕೊನೆಕೊನೆಗೆ ಆ ಪುಣ್ಯಾತ್ಮ ಕೇಳುವುದನ್ನೇ ನಿಲ್ಲಿಸಿ ಇನ್ನಷ್ಟು ಖರ್ಜೂರ ತಂದಿಟ್ಟ. ಮಗಳು ನೀರಿನ ಹತ್ತಿರ ಹೋಗಿ, "ಫಿಶ್, ಪ್ಲೀಸ್ ಕಮ್" ಎಂದು ಕರೆದಳು. ನಮ್ಮವರು ನಕ್ಕರು. ಅಣ್ಣನೂ ನಗಲು ನೋಡಿದ.

ಮರುದಿನ ಬೆಳಿಗ್ಗೆ ಅಣ್ಣ ಆಕಾಶ ನೋಡಲಿಲ್ಲ. ಅದರ ಮರುದಿನವೂ ನೋಡಲಿಲ್ಲ. ಅವನನ್ನು ಇಷ್ಟು ವರ್ಷ ತಮಾಷೆ ಮಾಡಿದವಳಿಗೆ, ಒಂದು ಸಲ ಕಿಟಕಿಗೆ ಹೋಗಪ್ಪ ಎಂದು ಕಾಲು ಹಿಡಿಯುವಂತಾಯಿತು. ವಾರ ಕಳೆದು ಒಂಬತ್ತೂ ಪೆಟ್ಟಿಗೆಗಳನ್ನು ರಟ್ಟಿನ ಡಬ್ಬಗಳಿಗೆ ತುಂಬಿ ಹಗ್ಗ ಬಿಗಿಯತೊಡಗಿದ. ಊರಿಗೋ ಎಂದು ಕೇಳಿದೆ. ಗೋದಾಮಿನ ಕಸದ ಗಾಡಿಗೆ ಎಂದ.

"ಹದಿನೆಂಟು ವರ್ಷ ಓದಿದ್ದು ಎಲ್ಲ ತಪ್ಪು. ಯಾವ ನೀರಿಗೆ ಯಾವುದು ಹಾಕ್ಬೇಕು ಅಂತ್ಲೇ ನಂಗೆ ಗೊತ್ತಿಲ್ಲ. ಒಂದು ಮೀನು ಸಹ ತಿರುಗಿ ನೋಡ್ಲಿಲ್ಲ, ಮಾರಾಯ್ತಿ."

ನಾನು ಡಬ್ಬಗಳ ಪಕ್ಕ ನೆಲದ ಮೇಲೆ ಕೂತೆ.

"ಅಣ್ಣ, ಕೊಕ್ಕೆ ಎಲ್ಲ ನಾನು ಉಜ್ಜಿದ್ದು. ಕತ್ತರಿ ಕಲ್ಲಲ್ಲಿ. ಮಗುಗೆ ಚುಚ್ಚೀತು ಅಂತ ಹೆದರಿಕೆಗೆ."

ಅವನು ಹಗ್ಗ ಬಿಟ್ಟ. ಒಂದು ಲೂರ್ ತೆಗೆದು ಅದರ ಕೊಕ್ಕೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದ. ಅದು ಎಲ್ಲೂ ನಿಲ್ಲದೆ ಜಾರಿತು. ಇನ್ನೊಂದು ತೆಗೆದ. ಅದೂ ಜಾರಿತು.

"ಕಪ್ಪೆದ್ದು?"

"ಅದೂ."

"ಡಬ್ಬಿಯದ್ದು?"

"ಎಲ್ಲ."

ಹೊಡೆಯಲಿ, ಬೈಯಲಿ, ಮನೆ ಬಿಟ್ಟು ಹೋಗಲಿ ಎಂದು ಕಣ್ಣು ಮುಚ್ಚಿ ಕೂತೆ. ಬಂದದ್ದು ಅವನ ಸ್ವರ ಮಾತ್ರ.

"ಹಾಗಾದ್ರೆ ಅದು ಕಳೆ ಅಲ್ಲ."

"ಅಲ್ಲ."

"ಮೀನೇ ಕಚ್ಚಿದ್ದು."

"ಹೌದು, ಅಣ್ಣ."

"ಎಷ್ಟು ಸಲ? ನಾನು ಲೆಕ್ಕ ಇಟ್ಟಿಲ್ಲ."

"ಹನ್ನೊಂದು. ಎರೆಹುಳುಗೆ ಎರಡು, ತಗಡಿಗೆ ಒಂದು, ಗುಂಡಿಗೆ ಎರಡು, ಮರದ್ದಕ್ಕೆ ನಾಲ್ಕು, ಕಪ್ಪೆಗೆ ಎರಡು." ಇಷ್ಟೂ ನನಗೆ ಬಾಯಿಪಾಠ ಬರುತ್ತಿತ್ತು. ವಾರವಿಡೀ ಅದನ್ನೇ ಜಪಿಸಿದ್ದೆನಲ್ಲ.

ಕಣ್ಣು ತೆರೆದು ನೋಡಿದರೆ ಅಣ್ಣ ಎದ್ದು ನಿಂತಿದ್ದ. ಪರದೆ ಸರಿಸಿ, ಉಣ್ಣುತ್ತಿದ್ದ ನಮ್ಮವರಿಗೆ ಹೇಳಿದ.

"ಭಾವ, ಹನ್ನೊಂದು ಸಲ ಕಚ್ಚಿದೆ. ಹಾಕಿದ್ದಕ್ಕೆಲ್ಲ ಕಚ್ಚಿದೆ. ಒಂದೂ ತಪ್ಪಲಿಲ್ಲ."

ನಮ್ಮವರು ತುತ್ತು ಹಿಡಿದ ಕೈ ಹಾಗೇ ಇಟ್ಟು ನನ್ನ ಮುಖ ನೋಡಿದರು. ನಾನೂ ಎದ್ದು ಪರದೆಯ ಈಚೆ ಬಂದು ಮಿಷನ್ನಿನ ಹತ್ತಿರ ನಿಂತೆ. ಅಣ್ಣ ವಾಪಸ್ ಹೋಗಿ ಡಬ್ಬಗಳ ಹಗ್ಗವನ್ನೆಲ್ಲ ಬಿಚ್ಚಿ, ಹನ್ನೊಂದು ಸಲ ಕಚ್ಚಿಸಿಕೊಂಡ ಆ ಐದು ಲೂರ್‌ಗಳನ್ನು ಹುಡುಕಿ ಸಾಲಾಗಿ ನನ್ನ ಮಿಷನ್ನಿನ ಮೇಲಿಟ್ಟ. ನೋಡಿದ. ಮರದ ಮರಿಮೀನನ್ನು ಎತ್ತಿ ಅದರ ಒಂದೊಂದೇ ಮುಳ್ಳನ್ನು ಮುಟ್ಟಿದ. ಆಮೇಲೆ, ಅದೇನು ನೆನಪಾಯಿತೋ, ಲೂರನ್ನು ಕೆಳಗಿಟ್ಟು ನನ್ನ ಬಲಗೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದ.

"ಇಷ್ಟೂ ಉಜ್ಜುವಾಗ ನಿಂಗೆ ಎಷ್ಟು ಸಲ ಚುಚ್ಚಿತು?" ಎಂದು ಕೇಳಿದ.

ಆ ಲೆಕ್ಕವನ್ನು ನಾನು ಇಟ್ಟಿರಲಿಲ್ಲ.