ಮಾವನ ಮೂರೂವರೆ ಅಡಿ

ನನ್ನ ಸೋದರಮಾವ ರಾಯಚೂರನ್ನು ಎರಡು ಭಾಗ ಮಾಡಿದ. ಒಂದು ಭಾಗ ಮೂರೂವರೆ ಅಡಿ ಅಗಲವಿತ್ತು. ಉಳಿದ ಊರೆಲ್ಲ ಎರಡನೆಯ ಭಾಗ!

ನಗಬೇಡಿ. ನಗುವವರು ಆಗಲೇ ಬೇಕಾದಷ್ಟು ಮಂದಿ ಇದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನ ಕಾರುಗಳನ್ನು ಬೆರಳು ಮಡಚಿ ಎಣಿಸಬಹುದಿತ್ತು. ಸೈಕಲ್ಲುಗಳನ್ನು ದೇವರೇ ಎಣಿಸಬೇಕಿತ್ತು. ಅಂಥ ಊರಿನಲ್ಲಿ ಸೈಕಲ್ಲಿಗೆ ಬೇರೆ ದಾರಿ ಬೇಕೆಂದು ಹಟ ಹಿಡಿದವನನ್ನು ಏನೆನ್ನಬೇಕು? ಮೀನಿಗೆಂದು ಹೊಳೆಯೊಳಗೇ ಒಂದು ಕಾಲುವೆ ತೋಡಿದ ಹಾಗಾಯಿತಲ್ಲ!

ಮಾವ ದೇವದುರ್ಗದಲ್ಲಿ ಹುಟ್ಟಿದವನು, ರಾಯಚೂರಿನಲ್ಲಿ ರಸ್ತೆ ಕೆಲಸದ ಮೇಸ್ತ್ರಿ. ಯಾವ ಕಚೇರಿ ಎಂದು ಹೇಳುವುದಿಲ್ಲ. ಆ ಕಚೇರಿಯವರಿಗೂ ಅವನ ಹೆಸರು ಹೇಳಲು ಇಷ್ಟವಿರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಅಳತೆಯ ಟೇಪು. ಕಂಡದ್ದನ್ನೆಲ್ಲ ಅಳೆಯುವುದು ಅವನ ಚಟ. ಮನೆಗೆ ನೆಂಟರು ಬಂದರೆ, ಒಳಗಿನಿಂದ ಚಹಾ ಬರುವಷ್ಟರಲ್ಲಿ ಅವರ ಭುಜ ಅಳೆದು ಮುಗಿಸಿರುತ್ತಿದ್ದ. “ನೀವು ಒಂದೂವರೆ ಅಡಿ ಅದೀರಿ. ಕೈ ಬೀಸಿ ನಡದ್ರ ಎರಡೂವರೆ” ಎಂದು ಗಂಭೀರವಾಗಿ ತಿಳಿಸುತ್ತಿದ್ದ. ಸೈಕಲ್ಲಿನ ಮೇಲೆ ಕೂತ ಮನುಷ್ಯ, ಓಲಾಡುವುದೂ ಸೇರಿದಂತೆ, ಮೂರೂವರೆ ಅಡಿ. ಇದು ಅವನ ಸಿದ್ಧಾಂತ.

ಈ ಹುಚ್ಚು ಎಲ್ಲಿಂದ ಹತ್ತಿತು? ಆಗ ನಾನು ಮಾನ್ವಿಯಿಂದ ಬಂದು, ಟೈಪಿಂಗ್ ಕಲಿಯುತ್ತ, ಅವನ ಮನೆಯಲ್ಲೇ ಉಣ್ಣುತ್ತಿದ್ದೆ. ನನಗೆ ಗೊತ್ತಿರಬೇಕು. ಟೈರ್ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಾಲೆಂಡ್ ದೇಶದ ಚಿತ್ರವಿತ್ತು: ನೀರು, ಸೇತುವೆ, ಸೈಕಲ್ಲಿಗೇ ಮೀಸಲಾದ ಕೆಂಪು ದಾರಿ. ಮಾವ ಅದನ್ನು ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದ. ಅತ್ತೆ ಸಾಲು ತಪ್ಪಿಸಬಾರದೆಂದು ಶುಕ್ರವಾರ ಅದಕ್ಕೂ ಕುಂಕುಮ ಹಚ್ಚಿದಳು. ಅಲ್ಲಿಂದ ಎಲ್ಲ ಶುರುವಾಯಿತು ಎಂದು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಆದರೆ ಕ್ಯಾಲೆಂಡರ್ ಬಂದದ್ದು ದಾರಿಗಿಂತ ಮೊದಲೋ ಆಮೇಲೋ ಎಂದು ಈಗ ನನ್ನನ್ನೇ ಕೇಳಿಕೊಂಡರೆ ಉತ್ತರವಿಲ್ಲ. ಇಷ್ಟು ಚೆನ್ನಾಗಿ ಹೊಂದಿಕೊಂಡು ಕೂತ ನೆನಪನ್ನು ಕಂಡರೆ ನನಗೆ ಅನುಮಾನ. ಖಚಿತವಾಗಿ ಹೇಳಬಲ್ಲದ್ದು ಒಂದೇ. ಮಾವನ ಮಗಳು ಸೈಕಲ್ಲಿನಿಂದ ಬಿದ್ದಳು.

ಒಬ್ಬಳೇ ಮಗಳು. ಬಿ.ಎಸ್ಸಿ. ಎರಡನೆಯ ವರ್ಷ. ಕಾಲೇಜು, ಹತ್ತಿ ವ್ಯಾಪಾರದ ಗಂಜ್ ಪೇಟೆ ದಾಟಿ, ಎರಡು ಮೈಲು ದೂರ. ಟಾಂಗಾದಲ್ಲಿ ಅಪರಿಚಿತ ಗಂಡಸರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುವುದು ಅತ್ತೆಗೆ ಸರಿಬರುತ್ತಿರಲಿಲ್ಲ. ಹಾಗಾಗಿ ಸೈಕಲ್ಲು. ಗಂಜ್ ರಸ್ತೆಯ ತುಂಬ ಹತ್ತಿಯ ಲಾರಿಗಳು, ಬಂಡಿಗಳು. ಅತ್ತೆಯ ಪ್ರಕಾರ ಲಾರಿ ಮಗಳ ಮೇಲೇ ಹಾಯ್ದುಹೋಗಿತ್ತು. ಮಾವನ ಪ್ರಕಾರ ಲಾರಿಯ ಹಗ್ಗ ಹ್ಯಾಂಡಲ್ಲಿಗೆ ಸಿಕ್ಕಿತ್ತು. ಬಿದ್ದವಳ ಪ್ರಕಾರ, ನಿಂತ ಲಾರಿಗೆ ಇವಳೇ ಹೋಗಿ ಗುದ್ದಿದ್ದಳು! ಮೂರು ವರದಿಗಳಿಗೂ ಸೇರಿ ಒಂದೇ ಮೊಣಕೈ ತರಚಿತ್ತು.

ಆ ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆ ತೀರ್ಪು ಕೊಟ್ಟಳು.

“ಆಕಿ ಜೀವಕ್ಕ ಧಕ್ಕಿ ಇಲ್ಲದ ದಾರಿ ತೋರ್ಸ್ರಿ, ಕಾಲೇಜಿಗೆ ಕಳಸ್ತೀನಿ. ಇಲ್ಲಾಂದ್ರ ಯುಗಾದಿ ಒಳಗ ಮದಿವಿ.”

“ಯಾರ ಜೋಡಿ?” ಮಾವ ಕೇಳಿದ.

ಅತ್ತೆ ನನ್ನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ನಮ್ಮ ಕಡೆ ಸೋದರಮಾವನ ಮಗಳೆಂದರೆ ಕೇಳುವ ಮಾತೇ ಇಲ್ಲ, ಹಕ್ಕಿನ ಹುಡುಗಿ. ನನಗೆ ಇಪ್ಪತ್ಮೂರು. ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ, ಆದರೆ ಅವಳಿಗೆ ಬೇಕಾದದ್ದು ಡಿಗ್ರಿ, ಆಮೇಲೆ ಒಂದು ಶಾಲೆಯ ಕರಿಹಲಗೆ. ನನಗೆ ಬೇಕಾದದ್ದು ಅವಳು. ಮಾವ ಗೆದ್ದರೆ ಅವಳು ಕಾಲೇಜಿಗೆ. ಸೋತರೆ ನನ್ನ ಮನೆಗೆ. ಆ ರೊಟ್ಟಿಯನ್ನು ನಾನು ಪೂರ್ತಿ ತಿಂದೆ.

ಮಾವ ಹತ್ತೊಂಬತ್ತು ಪುಟದ ಅರ್ಜಿ ಬರೆದ. ನನ್ನ ಟೈಪಿಂಗ್ ಕಲಿಕೆ ಅದರಲ್ಲೇ ಮುಗಿಯಿತು. ಮೇಲಿನ ಸಾಹೇಬರು ಮೊದಲ ಪುಟದ ಅರ್ಧ ಓದಿ ತಲೆ ಎತ್ತಿದರು.

“ಸೈಕಲ್ಲಿಗೆ ಬ್ಯಾರೆ ದಾರಿ? ಎಲ್ಯಾರ ಅದ ಏನ್ರಿ ಇಂಥಾದು?”

“ಹಾಲೆಂಡಿನಾಗ ಅದರಿ ಸಾಹೇಬ್ರ.”

“ಅದು ಯಾವ ತಾಲೂಕಿಗೆ ಬರ್ತದ?”

ಮಾವ ಎದೆಗುಂದಲಿಲ್ಲ. ಸಾಹೇಬರು ಕೊನೆಗೆ, ಖರ್ಚು ಬೀಳದ ಹಾಗಿದ್ದರೆ ಏನಾದರೂ ಮಾಡಿಕೋ ಎಂಬ ಅರ್ಥದಲ್ಲಿ ಕೈಯಾಡಿಸಿದರು. ಆ ಕೈಯಾಟವೇ ಮಂಜೂರಾತಿ! ಒಂದು ಸೋಮವಾರ ಬೆಳಿಗ್ಗೆ ಮಾವ ಸುಣ್ಣದ ಬಕೆಟ್ಟು ಹಿಡಿದು, ತೀನ್ ಕಂದೀಲ್ ಚೌಕದಿಂದ ಗಂಜಿನವರೆಗೆ, ರಸ್ತೆಯ ಎಡಕ್ಕೆ ಮೂರೂವರೆ ಅಡಿ ಬಿಟ್ಟು, ನೆಟ್ಟಗೆ ಬಿಳಿ ಗೆರೆ ಎಳೆದ.

ಈಗ ನೀವೇ ಹೇಳಿ, ನಮ್ಮ ಊರುಗಳಲ್ಲಿ ರಸ್ತೆಯ ಪಕ್ಕ ಸುಣ್ಣದ ಗೆರೆ ಬಿದ್ದರೆ ಅದರ ಅರ್ಥ ಏನು? ಮಂತ್ರಿ ಬರುತ್ತಾನೆ! ಹನ್ನೊಂದಕ್ಕೆ ಅಂಗಡಿಯವರು ಕಸ ಗುಡಿಸಿ ನೀರು ಚಿಮುಕಿಸಿದರು. ಹನ್ನೆರಡಕ್ಕೆ ಒಬ್ಬ ಮಾಸ್ತರರು ಮಕ್ಕಳನ್ನು ಸಾಲಾಗಿ ತಂದು ಗೆರೆಯ ಗುಂಟ ನಿಲ್ಲಿಸಿದರು. ಎರಡು ಗಂಟೆಗೆ ಹಾರ ಹಿಡಿದ ಎಣ್ಣೆ ಮಿಲ್ಲಿನ ಸಾಹುಕಾರ ಬಂದು ನಿಂತ. ಯಾವ ಮಂತ್ರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಗೊತ್ತಿಲ್ಲವೆಂದು ಗೊತ್ತಾದರೆ ಮರ್ಯಾದೆಗೇಡು. ರಾಯಚೂರಿನ ಬಿಸಿಲು ಗೊತ್ತಲ್ಲ? ನಾಲ್ಕು ಗಂಟೆಗೆ ಆ ದಾರಿಯಲ್ಲಿ ಬಂದದ್ದು ಒಂದೇ ವಾಹನ. ದಾರಿ ಪರೀಕ್ಷಿಸಲು ಹೊರಟ ಮಾವನ ಸೈಕಲ್ಲು.

“ಮಂತ್ರಿ ಎಲ್ಲಿ ಅದಾನ್ರಿ?” ಸಾಹುಕಾರ ಅಡ್ಡ ಹಾಕಿದ.

“ಯಾವ ಮಂತ್ರಿ?”

ಸಾಹುಕಾರ ಹಾರ ನೋಡಿದ, ಆಕಾಶ ನೋಡಿದ. “ಹೋಗ್ಲಿ, ನೀವ ಹಾಕ್ಕೋರಿ. ಹೂವು ಬಾಡಾಕತ್ತಾವ” ಎಂದು ಮಾವನ ಕೊರಳಿಗೆ ಹಾಕಿಬಿಟ್ಟ.

ಮಾವ ಹಾರದ ಸಮೇತ ಮನೆಗೆ ಬಂದು ಊರು ತನ್ನ ದಾರಿಯನ್ನು ಒಪ್ಪಿತೆಂದು ಮಗಳಿಗೆ ಹೇಳಿದ. ಅವಳು ನಗಲಿಲ್ಲ. ಪುಸ್ತಕಗಳಿಗೆ ಹೊಸ ರಟ್ಟು ಹಾಕತೊಡಗಿದಳು. ಅದನ್ನು ನೋಡಿ ನಾನು ಯುಗಾದಿಗೆ ಎಷ್ಟು ದಿನ ಉಳಿದಿದೆಯೆಂದು ಎಣಿಸಿದೆ. ಯಾಕೆ ಎಣಿಸಿದೆ ಎಂದು ಆಗ ವಿಚಾರಿಸಿಕೊಳ್ಳಲಿಲ್ಲ.

ಗೆರೆ ಮೂರು ದಿನಕ್ಕೆ ಅಳಿಸಿತು. ಮಾವ ಕಲ್ಲು ತಂದ. ತಲೆಗಾತ್ರದ ಕಲ್ಲುಗಳಿಗೆ ಸುಣ್ಣ ಬಳಿದು ಗೆರೆಯಿದ್ದಲ್ಲಿ ಹತ್ತಡಿಗೊಂದರಂತೆ ಇಟ್ಟ. ವಾರದಲ್ಲಿ ಕಲ್ಲುಗಳು ಕಾಣೆಯಾಗತೊಡಗಿದವು. ಅದೂ ಮೂರು ಮೂರರಂತೆ! ಮಾವ ಹುಡುಕಿಕೊಂಡು ಹೊರಟ. ಹತ್ತಿ ಮಿಲ್ಲಿನ ಹಿಂದೆ ದೇವದುರ್ಗದ ಕಡೆಯಿಂದ ಕೂಲಿಗೆ ಬಂದವರ ಗುಡಿಸಲುಗಳಿದ್ದವು. ಅಲ್ಲಿ ಒಬ್ಬಾಕೆ ಮಾವನ ಮೂರು ಕಲ್ಲುಗಳ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯುತ್ತಿದ್ದಳು.

“ಯವ್ವಾ, ಇವು ಸೈಕಲ್ ದಾರಿ ಕಲ್ಲು!”

“ಇರ್ಲಿ ಬಿಡಪ್ಪ. ಒಯ್ಯೂದಿದ್ರ ಒಯ್ಯಿ, ಆದ್ರ ರೊಟ್ಟಿ ಮುಗೀಲಿ. ಸುಡಾಕತ್ತಾವ, ಕೈ ಹಚ್ಚಬ್ಯಾಡ.”

ಕಲ್ಲು ಆರುವ ತನಕ ಕಾಯಬೇಕಲ್ಲ. ತನ್ನ ಊರಿನ ಕಡೆಯ ಮಾತು ಕೇಳುತ್ತ ಮಾವ ಅಲ್ಲೇ ಕೂತ, ಎರಡು ರೊಟ್ಟಿ ತಿಂದ, ಕಲ್ಲು ಬಿಟ್ಟು ಬಂದ. “ಮೂರು ಕಲ್ಲಿಲ್ಲಾಂದ್ರ ಸೈಕಲ್ ಉಪವಾಸ ಬೀಳೂದಿಲ್ಲ” ಎಂದ. ಮರುದಿನ ಹೊಸ ಕಲ್ಲಿಗೆ ಸುಣ್ಣ ಬಳಿದ.

ಕಲ್ಲಿನ ಕಷ್ಟ ಹೇಗೋ ಕಳೆಯಿತು. ಮನುಷ್ಯರದ್ದು ಕಳೆಯಲಿಲ್ಲ. ಖಾಲಿ ಬಿದ್ದ ಮೂರೂವರೆ ಅಡಿ ಜಾಗವನ್ನು ನೋಡಿಕೊಂಡು ಸುಮ್ಮನಿರುವ ಊರು ಭೂಮಿಯ ಮೇಲೆ ಎಲ್ಲಿದೆ? ಕೆಂಪು ಮೆಣಸಿನಕಾಯಿ ಒಣಗಲು ಬಂತು. ಚಹಾದ ಬೆಂಚು ಬಂತು. ಕುಂಟೆತ್ತೊಂದು ಬಂದು ಮಲಗಿತು. ಟಾಂಗಾದವರು ತಮ್ಮ ಜಾಗ ಕಿತ್ತುಕೊಂಡರೆಂದು ಮಾವನನ್ನು ಸುತ್ತುಗಟ್ಟಿದರು. ಇದೆಲ್ಲವನ್ನೂ ಮಾವ ಬಲ್ಲ, ಅಳೆದು ನೋಡಿದ್ದ. ಅಳತೆಗೆ ಸಿಗದದ್ದು ಬೇರೆ. ಸೈಕಲ್ಲಿನವರೇ ಆ ದಾರಿಗೆ ಬರಲಿಲ್ಲ! ಮಾವ ಒಬ್ಬ ಹಾಲಿನವನನ್ನು ತಡೆದು ಕೇಳಿದ.

“ಯಾಕೋ, ಇಷ್ಟು ಛಲೋ ದಾರಿ ಬಿಟ್ಟು ಲಾರಿ ಬಾಯಾಗ ಹೊಂಟೀದಿ?”

“ಅದು ನಿಮ್ಮ ಮಗಳ ದಾರಿ ಅಲ್ಲೇನ್ರಿ ಸಾಹೇಬ್ರ? ಗಂಡಸರು ಹ್ಯಾಂಗ ಹೋಗೂದು?”

ಮಗಳ ದಾರಿ. ಊರು ಆ ಹೆಸರಿಟ್ಟಿತ್ತು. ಗಂಡಸರು ನಾಚಿಕೆಗೆ ಬರಲಿಲ್ಲ. ಹೆಂಗಸರ ಹತ್ತಿರ ಸೈಕಲ್ಲುಗಳಿರಲಿಲ್ಲ. ಅವಳು ಒಬ್ಬಳೇ, ಊರೆಲ್ಲ ನೋಡುತ್ತಿರಲು, ಬಿಳಿ ಕಲ್ಲುಗಳ ಪಕ್ಕ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಅಪ್ಪನಿಗೆ ಹೇಳಿದಳು: “ಯಪ್ಪಾ, ಲಾರಿಗಳ ನಡುವೇ ಛಲೋ ಇತ್ತು. ಅಲ್ಲಿ ಯಾರೂ ನನ್ನ ನೋಡ್ತಿರಲಿಲ್ಲ.” ಆದರೂ ಮರುದಿನ ಹೋದಳು. ಯುಗಾದಿ ಹತ್ತಿರ ಬರುತ್ತಿತ್ತು.

ಸಾಹೇಬರಿಗೆ ದೂರುಗಳು ಹೋದವು. ಗುರುವಾರ ಹತ್ತು ಗಂಟೆಗೆ ಬರುತ್ತೇನೆ ಎಂದರು. ದಾರಿ ಖಾಲಿಯಿದ್ದು ಸೈಕಲ್ ಓಡುತ್ತಿದ್ದರೆ ಪಕ್ಕಾ ಕಟ್ಟೆ ಕಟ್ಟಿಸುವುದು. ಇಲ್ಲದಿದ್ದರೆ ಅಂದೇ ಕಿತ್ತುಹಾಕುವುದು. ಅತ್ತೆಯೂ ತನ್ನ ತೀರ್ಪನ್ನು ಆ ಗುರುವಾರಕ್ಕೇ ಕಟ್ಟಿದಳು: ದಾರಿ ಉಳಿದರೆ ಕಾಲೇಜು, ಕಿತ್ತರೆ ಮದುವೆ. ಮಾವ ಮೆಣಸಿನಕಾಯಿಯವರ, ಬೆಂಚಿನವರ ಕೈಕಾಲು ಹಿಡಿದು ಒಂದು ತಾಸಿನ ಮಟ್ಟಿಗೆ ದಾರಿ ಬಿಡಿಸಿದ. ಉಳಿದದ್ದು ಹತ್ತಿಯ ಬಂಡಿಗಳು. ತೀನ್ ಕಂದೀಲಿನಲ್ಲಿ ಸಾಹೇಬರಿಗಾಗಿ ಮಾವ ನಿಂತ. ಗಂಜಿನ ಬಾಯಿಗೆ ನನ್ನನ್ನು ನಿಲ್ಲಿಸಿದ. “ಒಂದು ಬಂಡಿ ಬಿಡಬ್ಯಾಡಪ್ಪಾ. ಒಂದು ಬಿಟ್ರ ಎಲ್ಲಾ ಬಂದಂಗ.”

ಅದು ನಿಜ. ಹತ್ತಿ ಬಂಡಿಗಳು ಸಾಲಾಗಿ ಬರುತ್ತವೆ. ದೂರದ ಹಳ್ಳಿಗಳಿಂದ ಹೊರಟವರು ದಣಿದು ಹತ್ತಿಯ ಮೇಲೆ ನಿದ್ದೆ ಹೋಗಿರುತ್ತಾರೆ. ಎಚ್ಚರಿರುವವನು ಮುಂದಿನ ಬಂಡಿಯವನೊಬ್ಬನೇ. ಹಿಂದಿನ ಎತ್ತುಗಳು ಮುಂದಿನ ಬಂಡಿಯ ಬಾಲ ನೋಡಿ ನಡೆಯುತ್ತವೆ. ಅವತ್ತು ಮುಂದಿದ್ದವನು ನಮ್ಮ ಮಾನ್ವಿ ಕಡೆಯ ಮಲ್ಲಟ ಹಳ್ಳಿಯ ಮುದುಕ.

“ತಮ್ಮಾ, ಮಾನ್ವಿ ಹುಡುಗ ಅಲ್ಲೇನು ನೀ? ಆ ಕಡಿ ಖಾಲಿ ಅದಲ್ಲ, ಬಿಡು ಒಂದೀಟು. ಎತ್ತು ಸುಸ್ತಾಗ್ಯಾವ.”

ನಾನು ಏನು ಮಾಡಿದೆ? ನೀರು ಕುಡಿಯಲು ಹೋಗಿದ್ದೆ ಎಂದು ಮಾವನಿಗೆ ಹೇಳಿದೆ. ನೂಕಿಬಿಟ್ಟರು ಎಂದು ನಮ್ಮವ್ವನಿಗೆ ಹೇಳಿದೆ. ಮುದುಕನ ಮೇಲೆ ಕನಿಕರ ಬಂತು ಎಂದು ಬಹಳ ವರ್ಷ ನನಗೇ ಹೇಳಿಕೊಂಡೆ. ಮೂರೂ ಕಥೆಗಳು ಚೆನ್ನಾಗಿವೆ. ನಡೆದದ್ದು ಇಷ್ಟೆ: ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

ಹದಿನೆಂಟು ಬಂಡಿಗಳು ಮಗಳ ದಾರಿಗೆ ನುಗ್ಗಿದವು. ಹದಿನೇಳು ಮಂದಿ ನಿದ್ದೆಯಲ್ಲಿದ್ದರು. ಎದುರಿನಿಂದ ಅವಳು ಬಂದಳು. ಕೋಡುಗಳ ನಡುವೆ ಇಳಿದು, ಸೈಕಲ್ಲನ್ನು ಎದೆಗೊತ್ತಿಕೊಂಡು, ಒಂದು ಕಲ್ಲಿನ ಪಕ್ಕ ಮುದುಡಿ ನಿಂತಳು. ಸಾಹೇಬರು ಬಂದು ನೋಡಿದರು. “ಎತ್ತಿಗೆ ಭಾಳ ಅನುಕೂಲ ಮಾಡೀರಿ” ಎಂದು ಮಾವನಿಗೆ ಹೇಳಿ ಜೀಪು ಹತ್ತಿದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆನೇ? ನೆನಪಿಲ್ಲ ಎಂದು ಬರೆಯಬಹುದು. ಬರೆಯುವುದಿಲ್ಲ.

ಮಾವ ಆ ಮಧ್ಯಾಹ್ನ ಒಂದೊಂದೇ ಕಲ್ಲನ್ನು ತಾನೇ ಕಿತ್ತ. ಅವನು ಮತ್ತೆ ಕೇಳಿದ್ದರೆ ಇನ್ನೊಂದು ಸುಳ್ಳು ತಯಾರಿತ್ತು. ಕೇಳಲಿಲ್ಲ. ಅವಳು ಪುಸ್ತಕಗಳನ್ನು ಕಾಲೇಜಿನ ಲೈಬ್ರರಿಗೆ ವಾಪಸು ಕಳಿಸಿದಳು, ನನ್ನ ಕೈಯಲ್ಲೇ. ಯುಗಾದಿಯ ಒಳಗೆ ಮದುವೆಯಾಯಿತು. ಮಾವ ನಮ್ಮ ತಲೆಯ ಮೇಲೆ ಅಕ್ಷತೆ ಹಾಕಿದ; ಬಂದ ಬೀಗರಲ್ಲಿ ಒಬ್ಬರ ಭುಜವನ್ನೂ ಅಳೆಯಲಿಲ್ಲ. ಆಮೇಲೆ ಅವನು ಏನನ್ನೂ ಅಳೆದದ್ದನ್ನು ನಾನು ಕಾಣೆ. ಮಾನ್ವಿಯಲ್ಲಿ ನನಗೆ ಗುಮಾಸ್ತಿಕೆ ಸಿಕ್ಕಿತು, ಮಗ ಹುಟ್ಟಿದ. ಅವಳು ಚೆನ್ನಾಗಿಯೇ ಇದ್ದಳು. ಚೆನ್ನಾಗಿ ಇರುವವರು ನಮ್ಮ ಮನೆಗಳಲ್ಲಿ ಹೇಗಿರುತ್ತಾರೋ ಹಾಗೆ.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಸಂಜೆ, ಮಗನ ಅಂಗಿಗೆ ಗುಂಡಿ ಹಚ್ಚುತ್ತ ಅವಳು, “ಈ ಸರ್ತಿ ನಾ ಪರೀಕ್ಷಾಕ್ಕ ಕೂಡ್ತೀನಿ” ಎಂದಳು. ಬಿಟ್ಟ ಡಿಗ್ರಿ ಬೇಡ, ಹೊರಗಿನಿಂದ ಕಟ್ಟಬಹುದಾದ ಬಿ.ಎ. ಕೇಳಲಿಲ್ಲ, ಹೇಳಿದಳು. ಪರೀಕ್ಷೆ ರಾಯಚೂರಿನ ಅದೇ ಕಾಲೇಜಿನಲ್ಲಿ. ತವರಿಗೆ ಹೋದೆವು. ಟಾಂಗಾ ಹೇಳೋಣವೆಂದು ಈಗ ಅತ್ತೆಯೇ ಅಂದಳು. “ಸೈಕಲ್ ಮ್ಯಾಲೇ ಹೋಗ್ತೀನಿ” ಎಂದಳು ಇವಳು.

ಬೆಳಿಗ್ಗೆ ಎಂಟೂವರೆ. ನಿವೃತ್ತನಾಗಿದ್ದ, ಒಂದು ಕಣ್ಣಿಗೆ ಪೊರೆ ಬಂದಿದ್ದ ಮಾವ ತನ್ನ ಸೈಕಲ್ಲನ್ನೂ ಹೊರಗೆ ತೆಗೆದ. ಮಗಳ ಬಲಕ್ಕೆ ನಿಂತ. ಲಾರಿಗಳು ಹಾಯುವ ಕಡೆ. ಆಮೇಲೆ ನನ್ನ ಕಡೆ ತಿರುಗಿದ.

“ನೀ ಮುಂದ ಹೋಗಿ ಗಂಜಿನ ಬಾಯಾಗ ನಿಂದ್ರಪ್ಪಾ. ನಾವು ಹಾಯೂತನಕ ಯಾರ್ನೂ ಬಿಡಬ್ಯಾಡ.”

ಅವನಿಗೆ ಗೊತ್ತಿತ್ತೋ? ಗೊತ್ತಿದ್ದೇ ನನ್ನನ್ನು ಅಲ್ಲಿಗೆ ಕಳಿಸಿದನೋ? ಅವನ ಮುಖ ನೋಡಿದರೆ ತಿಳಿಯುತ್ತಿತ್ತು, ನೋಡುವ ಧೈರ್ಯವಾಗಲಿಲ್ಲ. ಹೆಂಡತಿಗೆ ನಾನು ಇಂದಿಗೂ ಹೇಳಿಲ್ಲ. ಈ ಹಾಳೆಗಳನ್ನು ಮೊದಲು ಓದುವವಳು ಅವಳೇ.

ಓಡಿದೆ. ಗಂಜಿನ ಬಾಯಲ್ಲಿ ಎರಡೂ ಕೈ ಚಾಚಿ ನಿಂತೆ. ಎದುರಿಗೆ ಎರಡು ಲಾರಿ, ಹಿಂದೆ ಬಂಡಿಗಳು. ಹಾರ್ನು, ಬೈಗುಳ. “ಏ, ತಲಿ ಕೆಟ್ಟದೇನೋ? ಸರೀಲೇ!” ಎಂದು ಡ್ರೈವರ್ ಇಳಿದು ಬಂದು ಅಂಗಿ ಹಿಡಿದ. ನಾನು ಸರಿಯಲಿಲ್ಲ. ಎಷ್ಟು ಹೊತ್ತೋ. ಕೊನೆಗೆ ಎರಡು ಸೈಕಲ್ಲುಗಳು ಬಂದವು, ನಿಧಾನವಾಗಿ. ಅವಳು ಮುಂದೆ ನೋಡುತ್ತಿದ್ದಳು, ನನ್ನನ್ನು ನೋಡಲೇ ಇಲ್ಲ. ಅವಳ ಬಲಕ್ಕೆ ಮಾವ, ಓಲಾಡುತ್ತ, ಏದುಸಿರು ಬಿಡುತ್ತ. ಇಬ್ಬರೂ ದಾಟಿದರು. ಆದರೂ ನಾನು ಹಾಗೆಯೇ ನಿಂತಿದ್ದೆ. ಸ್ವಲ್ಪ ಮುಂದೆ ಹೋದ ಮಾವ ಒಂದು ಕಾಲು ನೆಲಕ್ಕೂರಿ, ಹಿಂತಿರುಗಿ, ಗದ್ದಲದ ಮೇಲೆ ಕೂಗಿದ:

“ಸಾಕು, ಕೈ ಇಳಸೋ ನನ್ನಪ್ಪಾ. ನೋಯ್ತಾವ.”