ಗಾರ್ಡ್ ಡಬ್ಬಿಯ ಮಖಮಲ್ ಸೀಟು

ನನ್ನಲ್ಲಿ ಒಂದು ದುರ್ಗುಣವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಎಲ್ಲದರ ಮೇಲೂ ಅನುಮಾನ. ಇದು ಹುಟ್ಟುಗುಣವೋ, ಕಾಲೇಜಿನ ಆಫೀಸಿನಲ್ಲಿ ಕೂತು ವರ್ಷಗಟ್ಟಲೆ ಅಂಕಪಟ್ಟಿ ಪರಿಶೀಲಿಸಿದ್ದರಿಂದ ಅಂಟಿಕೊಂಡ ರೋಗವೋ ತಿಳಿಯದು. ಮೂರನ್ನು ಎಂಟಾಗಿ ತಿದ್ದಿದವರನ್ನು ಹಿಡಿದು ಹಿಡಿದು, ಈಗ ಯಾವ ಎಂಟನ್ನು ಕಂಡರೂ ಅದು ಹಿಂದಿನ ದಿನ ಮೂರಾಗಿತ್ತೇನೋ ಅನ್ನಿಸುತ್ತದೆ. ಹಾಲಿನವನು ‘ಇವತ್ತು ಹಾಲು ಚೆನ್ನಾಗಿದೆ ಸಾರ್’ ಎಂದರೆ ನಿನ್ನೆಯ ಹಾಲಿಗೆ ಏನಾಗಿತ್ತು ಎಂದು ಯೋಚಿಸುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಮಂಜುಳ ‘ನೀವು ತುಂಬಾ ಒಳ್ಳೆಯವರು’ ಎಂದಳು. ‘ಯಾಕೆ, ಏನಾಯಿತು?’ ಎಂದು ಕೇಳಿದೆ. ಆ ಮಾತನ್ನು ಅವಳು ಮತ್ತೆಂದೂ ಹೇಳಿಲ್ಲ.

ಇಂಥ ನನಗೆ ನಿವೃತ್ತಿಗೆ ಎರಡು ವರ್ಷ ಬಾಕಿ ಇರುವಾಗ ಕೈಯಾರೆ ಏನಾದರೂ ಮಾಡಬೇಕೆಂಬ ಹುಚ್ಚು ಹತ್ತಿತು. ಒಂದು ಭಾನುವಾರ ರೈಲು ಮ್ಯೂಸಿಯಮ್ಮಿಗೆ ಹೋಗಿದ್ದೆ. ಎಲ್ಲರೂ ಇಂಜಿನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಕಣ್ಣು ಬಿದ್ದದ್ದು ಗೂಡ್ಸ್ ಗಾಡಿಯ ಕಟ್ಟಕಡೆಗೆ ಸೇರಿಸುವ ಗಾರ್ಡ್ ಡಬ್ಬಿಯ ಮೇಲೆ. ಹಿಂದೆ ಮುಂದೆ ಪುಟ್ಟ ಜಗಲಿ, ಕಬ್ಬಿಣದ ಕಟಕಟೆ, ಮೇಲೆ ಬಾಗಿದ ಛಾವಣಿ. ಮನೆಯಂತೆಯೇ ಇತ್ತು. ಆಫೀಸಿನಲ್ಲಿ ನನ್ನ ಮೇಜೂ ಕಟ್ಟಕಡೆಯದೇ ಆದ್ದರಿಂದ ಇದ್ದೀತು, ಅದರ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತು. ಅದರದೇ ಪುಟ್ಟ ಮಾದರಿ ಮಾಡೋಣವೆಂದು ಮುಂದಿನ ವಾರ ಮಂಜುಳಳ ಹೊಲಿಗೆಯ ಟೇಪು ತೆಗೆದುಕೊಂಡು ಹೋಗಿ ಅಳತೆ ತೆಗೆಯತೊಡಗಿದೆ. ಕಾವಲಿನವರು ಬಂದು, ‘ಏನ್ ಸಾರ್, ಇದಕ್ಕೆ ಬಟ್ಟೆ ಹೊಲಿಸ್ತೀರಾ?’ ಎಂದು ಕೇಳಿ, ಗೇಟು ದಾಟುವವರೆಗೂ ನನ್ನ ಮೇಲೆ ಕಣ್ಣಿಟ್ಟಿದ್ದರು. ಅನುಮಾನಿಸುವವನಿಗೆ ಅನುಮಾನಕ್ಕೊಳಗಾಗುವುದು ಹೊಸ ಅನುಭವ. ಡಬ್ಬಿಗೆ ಬೀಗ ಹಾಕಿತ್ತು, ಕಿಟಕಿಯ ಗಾಜಿನ ತುಂಬ ದೂಳು. ಹೊರಗಿನ ಅಳತೆ ಸಿಕ್ಕಿತು, ಒಳಗೆ ಏನಿದೆಯೆಂದು ಕಾಣಲಿಲ್ಲ.

ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳನ್ನು ತಂದು ಅಂಟಿಸುವುದು ನನಗೆ ಬೇಕಿರಲಿಲ್ಲ. ಯಾರೋ ಮಾಡಿದ ಭಾಗ ಸರಿಯಿದೆಯೆಂದು ನಂಬುವುದು ಹೇಗೆ? ತೆಳು ಪ್ಲೈವುಡ್ಡಿನಲ್ಲಿ ಗೋಡೆ ಕತ್ತರಿಸಿದೆ, ಎಣ್ಣೆ ಡಬ್ಬದ ತಗಡಿನಲ್ಲಿ ಛಾವಣಿ ಮಾಡಿದೆ, ಸೈಕಲ್ಲಿನ ಕಡ್ಡಿಗಳನ್ನು ಬಗ್ಗಿಸಿ ಕಟಕಟೆ ನಿಲ್ಲಿಸಿದೆ. ಚಕ್ರಗಳನ್ನು ಲೇತ್ ಕೆಲಸದವರ ಹತ್ತಿರ ಹಿತ್ತಾಳೆಯಲ್ಲಿ ಕಡೆಸಿದೆ. ಎರಡು ಅಡಿಗೆ ಸ್ವಲ್ಪ ಕಡಿಮೆ ಉದ್ದದ ಡಬ್ಬಿ ಏಳು ತಿಂಗಳಲ್ಲಿ ಜಯಲಕ್ಷ್ಮಿಪುರಂನ ನಮ್ಮ ಮನೆಯ ಪಡಸಾಲೆಯಲ್ಲಿ ಎದ್ದು ನಿಂತಿತು. ಒಳಗಿನ ಸಜ್ಜನ್ನು ಮಾತ್ರ ಊಹೆಯಿಂದಲೇ ಮಾಡಬೇಕಾಯಿತು. ಮಂಜುಳಳ ಅಣ್ಣ ಶಿವಣ್ಣ ಗೂಡ್ಸ್ ಗಾರ್ಡ್ ಆಗಿ ನಿವೃತ್ತರಾದವರು. ‘ನಮ್ಮಣ್ಣ ಒಬ್ಬನೇ ಒಂದು ಡಬ್ಬಿ ತುಂಬ ಮಹಾರಾಜನ ಥರ ಕೂತ್ಕೊಂಡು ಹೋಗೋನು’ ಎಂದು ಅವಳು ಮದುವೆಯಾದಾಗಿನಿಂದ ಹೇಳುತ್ತಿದ್ದಳು. ಮಹಾರಾಜರಿಗೆ ತಕ್ಕಂತೆ ರವಿಕೆ ಬಟ್ಟೆಯಲ್ಲಿ ಉಳಿದ ಕೆಂಪು ಮಖಮಲ್ಲಿನಲ್ಲಿ ಅವಳಿಂದಲೇ ಮೆತ್ತನೆಯ ಸೀಟು ಹೊಲಿಸಿದೆ. ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನ ಒಂದು ಬಲ್ಬು ಹಾಕಿದೆ. ತಗಡಿನಲ್ಲಿ ಮೂರೆಲೆಯ ಫ್ಯಾನು ಕತ್ತರಿಸಿ ತೂಗುಹಾಕಿದೆ.

ಶಿವಣ್ಣ ವಾರಕ್ಕೆರಡು ಸಲ ರಾಜೀವನಗರದಿಂದ ಸ್ಕೂಟರಿನಲ್ಲಿ ಬಂದು ತಂಗಿಯ ಕೈಯ ಕಾಫಿ ಕುಡಿದು ಹೋಗುತ್ತಾರೆ. ನಾವಿಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತೇವೆ, ಅದಕ್ಕಿಂತ ಹೆಚ್ಚಿನ ಮಾತು ನಮ್ಮ ನಡುವೆ ಕಡಿಮೆ. ಡಬ್ಬಿಯ ಛಾವಣಿ ಮುಚ್ಚಳದಂತೆ ತೆಗೆಯಲು ಬರುತ್ತಿತ್ತು. ಅವರು ಮೊಮ್ಮಗಳನ್ನು ಕರೆದುಕೊಂಡು ಬಂದ ದಿನ ತೆಗೆದು ತೋರಿಸಿದೆ. ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ‘ಹೂಂ’ ಎಂದರು. ಏಳು ತಿಂಗಳ ಕೆಲಸಕ್ಕೆ ಬಂದ ಬಹುಮಾನ ಅಷ್ಟೇ. ಆ ‘ಹೂಂ’ ಹೊಗಳಿಕೆಯೋ ಹೊಟ್ಟೆಕಿಚ್ಚೋ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ.

ಐದನೆಯ ದಿನ ಆಫೀಸಿನಿಂದ ಬಂದು ನೋಡಿದರೆ ಸೀಟು ಇರಲಿಲ್ಲ. ಇನ್ನೊಂದು ಹೊಲಿಸಿ ಅಂಟಿಸಿದೆ. ಮುಂದಿನ ವಾರ ಅದೂ ಮಾಯ, ಜೊತೆಗೆ ಫ್ಯಾನೂ. ಮೂರನೆಯ ಸೀಟಿನೊಂದಿಗೆ ಬಲ್ಬು ಹೋಯಿತು. ಇಲಿಯಿರಬಹುದೆಂದು ಮಂಜುಳ ಅಂದಳು. ತಗಡಿನ ಫ್ಯಾನು ಬಿಚ್ಚಿಕೊಂಡು, ಹೋಗುವಾಗ ಛಾವಣಿ ಮುಚ್ಚಿ ಹೋಗುವ ಇಲಿಯನ್ನು ನಾನು ಕಂಡಿಲ್ಲ. ಕೆಲಸದ ರತ್ನಮ್ಮನನ್ನು ಉಪಾಯವಾಗಿ ವಿಚಾರಿಸಿದೆ. ‘ನಾನು ಅದರ ದೂಳೂ ಒರ್ಸಕಿಲ್ಲ ಸಾರ್. ಕೈ ತಗುಲಿದ್ರೆ ನೀವು ಒಂದು ತಿಂಗಳು ನನ್ನ ಮುಖನೇ ನೋಡ್ತಾ ಕೂತ್ಕತೀರಿ’ ಎಂದಳು. ಅದು ನಿಜವೇ. ಉಳಿದವಳು ಮಂಜುಳ. ಪಡಸಾಲೆಯ ತುಂಬ ಮರದ ಪುಡಿ ಬೀಳಿಸಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿರಬಹುದೇ? ಅವಳು ಸ್ನಾನಕ್ಕೆ ಹೋದಾಗ ಹೊಲಿಗೆ ಪೆಟ್ಟಿಗೆ ತೆಗೆದು ತಡಕುತ್ತಿದ್ದೆ. ಟವೆಲ್ಲು ಮರೆತದ್ದರಿಂದ ಅವಳು ವಾಪಸು ಬಂದಳು.

‘ಏನ್ ಹುಡುಕ್ತಿದ್ದೀರಾ?’

‘ಸೂಜಿ.’

‘ಸೂಜಿ ನಿಮ್ಮ ಬಲಗೈ ಹತ್ರಾನೇ ಇದೆ. ನಾನು ಕದ್ದಿದ್ದೀನಿ ಅಂತ ತಾನೆ?’

ಇಲ್ಲವೆನ್ನಲು ಒಂದು ಕ್ಷಣ ತಡವಾಯಿತು. ಆ ಒಂದು ಕ್ಷಣಕ್ಕೆ ಎರಡು ದಿನ ಅವಳು ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು, ‘ಇನ್ನೊಂಚೂರು’ ಎಂದು ಕೇಳುತ್ತಿರಲಿಲ್ಲ. ಡಬ್ಬಿಯ ಸೀಟು ಹೋದರೆ ಹೋಗಲಿ, ಮನೆಯಲ್ಲಿ ನನ್ನ ಸೀಟು ಅಲುಗಾಡತೊಡಗಿತ್ತು. ಕಳ್ಳನನ್ನು ಹಿಡಿಯದೆ ಬೇರೆ ದಾರಿ ಇರಲಿಲ್ಲ. ನಾಲ್ಕನೆಯ ಸೀಟನ್ನು ನಾನೇ ವಕ್ರವಕ್ರವಾಗಿ ಹೊಲಿದು ಅಂಟಿಸಿ, ರಜೆ ಹಾಕಿ, ರೂಮಿನ ಬಾಗಿಲ ಸಂದಿಯಲ್ಲಿ ಕುಳಿತೆ.

ಹನ್ನೊಂದು ಗಂಟೆಗೆ ಶಿವಣ್ಣ ಬಂದರು. ಮಂಜುಳ ಕಾಫಿ ಮಾಡಲು ಅಡುಗೆಮನೆಗೆ ಹೋದಳು. ಅವರು ಚಪ್ಪಲಿ ಬಿಟ್ಟಷ್ಟೇ ಸಹಜವಾಗಿ ಡಬ್ಬಿಯ ಛಾವಣಿ ತೆಗೆದು, ಹೆಬ್ಬೆರಳಿನ ಉಗುರಿನಿಂದ ಸೀಟು ಎಬ್ಬಿಸಿ, ಜೇಬಿಗೆ ಹಾಕಿಕೊಂಡು ಛಾವಣಿ ಮುಚ್ಚಿದರು. ನಾನು ಹೊರಗೆ ಬಂದೆ.

‘ಭಾವ, ಅದು ನನ್ನ ಸೀಟು.’

ಅವರು ಬೆಚ್ಚಲಿಲ್ಲ. ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಮೊದಲಿನ ಮೂರು ಸೀಟು, ಫ್ಯಾನು, ಬಲ್ಬು ಎಲ್ಲವೂ ಅದರಲ್ಲಿದ್ದವು. ಈಗಿನದನ್ನೂ ಪಕ್ಕಕ್ಕಿಟ್ಟರು. ‘ತಗಳಿ. ಇವು ಯಾವೂ ಅಲ್ಲಿರಲಿಲ್ಲ ಭಾವ’ ಎಂದರು.

‘ಅಂದ್ರೆ?’

‘ಬರೀ ಕಬ್ಬಿಣದ ಬೆಂಚು. ಬ್ಯಾಸಗೇಲಿ ಕಾದ ಹೆಂಚು, ಚಳೀಲಿ ಐಸು. ಒಂದು ಗೋಣಿಚೀಲ ಮಡಚ್ಕೊಂಡು ಹೋಗೋನು ನಾನು. ಲೈಟಿರಲಿಲ್ಲ, ಟಾರ್ಚ್ ಹಿಡ್ಕೊಂಡು ರಿಜಿಸ್ಟರ್ ಬರೀಬೇಕು. ಗಾಡೀನ ಪಕ್ಕದ ಲೈನಿಗೆ ಹಾಕಿ ನಿಲ್ಲಿಸ್ಬುಟ್ರೆ ಆರ್ ಗಂಟೆನೋ ಎಂಟ್ ಗಂಟೆನೋ. ಇಂಜಿನ್ನು ಅರ್ಧ ಮೈಲಿ ಮುಂದೆ, ಮಾತಾಡ್ಸೋಕೆ ಒಂದು ನರಪಿಳ್ಳೆ ಇಲ್ಲ. ಅವತ್ತು ನನ್ನ ಮೊಮ್ಮಗಳು ಇಲ್ಲಿಗೆ ಬಂದಿದ್ಲಲ್ಲ, ಇದನ್ನ ನೋಡಿ, ಮನೆಗೆ ಹೋಗ್ತಾ, ತಾತ ನೀನು ಸೋಫಾ ಮೇಲೆ ಕೂತ್ಕಂಡೇ ಸಂಬಳ ತಗತಿದ್ಯಾ ಅಂದ್ಲು. ನಾನೇನು ಹೇಳಲಿ?’

ಅಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ಮಂಜುಳ ಲೋಟ ಹಿಡಿದು ನಿಂತಿದ್ದಳು. ‘ಅಣ್ಣ, ನನಗೊಂದಿನಾನೂ ಹೇಳ್ಲಿಲ್ವಲ್ಲ’ ಎಂದಳು.

‘ನೀನು ಮಹಾರಾಜ ಮಹಾರಾಜ ಅಂತ ಊರೆಲ್ಲ ಹೇಳ್ಕೊಂಡು ತಿರುಗೋಳು. ಯಾಕೆ ಕೆಡಿಸೋದು ಅಂತ ಸುಮ್ನಿದ್ದೆ ಕಣಮ್ಮ.’

‘ನನಗಾದರೂ ಹೇಳಬಹುದಿತ್ತಲ್ಲ ಭಾವ’ ಎಂದೆ.

‘ನಿಮಗೆ ಹೇಳಿದ್ರೆ, ಅದಕ್ಕೇನು ದಾಖಲೆ ಅಂತ ಕೇಳ್ತಿದ್ರಿ’ ಎಂದು ಅವರು ಕಾಫಿ ತೆಗೆದುಕೊಂಡರು. ನಿಜ ಹೇಳಬೇಕೆಂದರೆ, ಆ ಪ್ರಶ್ನೆ ಅಷ್ಟು ಹೊತ್ತಿಗೆ ನಾಲಗೆಯ ತುದಿಯಲ್ಲೇ ಇತ್ತು.

ಆ ಭಾನುವಾರ ಇಬ್ಬರೂ ಜೊತೆಯಲ್ಲಿ ಕೂತೆವು. ಬೆಂಚು ಎಷ್ಟು ಕಿರಿದಾಗಿರಬೇಕು, ಬ್ರೇಕಿನ ಚಕ್ರ ಯಾವ ಕಡೆಗೆ ಬರಬೇಕು ಎಂದು ಅವರು ಹೇಳಿದರು, ನಾನು ತಗಡು ಕತ್ತರಿಸಿದೆ. ಒಂದು ಸಲವೂ ಎದುರು ಪ್ರಶ್ನೆ ಕೇಳಲಿಲ್ಲ. ಅದಕ್ಕಾಗಿ ಪಟ್ಟ ಕಷ್ಟ ನನಗೇ ಗೊತ್ತು. ಗೋಣಿಯ ಒಂದು ಚೂರನ್ನು ಮಡಚಿ ಅವರೇ ಬೆಂಚಿನ ಮೇಲಿಟ್ಟರು. ಛಾವಣಿ ಮುಚ್ಚುವ ಮೊದಲು ತುಂಬಾ ಹೊತ್ತು ನೋಡಿ, ‘ಹೂಂ, ಇದು’ ಎಂದರು.

ಮಂಜುಳ ಅಣ್ಣನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಉಳಿದ ಮಖಮಲ್ಲನ್ನೆಲ್ಲ ಸೇರಿಸಿ, ಹತ್ತಿ ತುಂಬಿ, ಅವರ ಮನೆಯ ಕುರ್ಚಿಗೆಂದು ನಾಲ್ಕು ಬೆರಳು ದಪ್ಪದ ದಿಂಬು ಹೊಲಿದುಕೊಟ್ಟಳು. ಅವರು ಅದನ್ನು ಸ್ಕೂಟರಿನ ಮೇಲೆಯೇ ಹಾಕಿಕೊಂಡು, ನೆಟ್ಟಗೆ ಕೂತು ಹೊರಟರು. ಗೇಟಿನಲ್ಲಿ ನಿಂತು ನೋಡುತ್ತಿದ್ದ ನನಗೆ, ಏಳೆಂಟು ತಿಂಗಳು ಮರದ ಸ್ಟೂಲಿನ ಮೇಲೆ ಕೂತು ನನ್ನ ಸೊಂಟವೂ ಹಿಡಿದುಕೊಂಡಿರುವುದು ನೆನಪಾಯಿತು. ‘ನನಗೂ ಅಂಥದ್ದೊಂದು ಹೊಲಿದುಕೊಡು’ ಎಂದೆ.

‘ನಿಮಗ್ಯಾಕ್ರೀ?’ ಎಂದಳು ಮಂಜುಳ. ‘ಎಲ್ಲಿ ಯಾರು ಏನು ಮಾಡ್ತಿದ್ದಾರೆ ಅಂತ ಎದ್ದೆದ್ದು ನೋಡೋದ್ರಲ್ಲೇ ಇರ್ತೀರ. ನೀವು ಕೂರೋದು ಯಾವಾಗ?’